ಕೆಂಪಕ್ಕ ತಿದ್ದಿದ ಒಂಬತ್ತು ವಾರ

ಅವಳನ್ನು ಕೆಂಪಕ್ಕ ಎಂದು ಕರೆಯುತ್ತಿದ್ದವರಲ್ಲಿ ಅರ್ಧಕ್ಕರ್ಧ ಜನ ಅವಳ ಮುಖವನ್ನೇ ನೋಡಿರಲಿಲ್ಲ. ಔಷಧಿ ಅಂಗಡಿಯ ಮಹಡಿಯ ಮೇಲೆ ನಡೆಯುವ ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಬರುವ ಡ್ರೈವರುಗಳು, ದರ್ಜಿಗಳು, ಆಸ್ಪತ್ರೆಯ ಆಯಾಗಳು ಕಂಡಿದ್ದು ಅವಳ ಕೆಂಪು ಶಾಯಿಯನ್ನು ಮಾತ್ರ. ಪಾಠ ಹೇಳುವವರು ಮೇಷ್ಟ್ರು. ನೋಟ್‌ಬುಕ್ಕುಗಳ ಕಟ್ಟು ವಾರಕ್ಕೊಮ್ಮೆ ಅವಳ ಮನೆಗೆ ಬಂದು, ತಿದ್ದಿಸಿಕೊಂಡು ವಾಪಸು ಹೋಗುತ್ತಿತ್ತು. ನೋಟ್‌ಬುಕ್ಕಿನ ಮೇಲೆ ಹೆಸರಿಲ್ಲ, ನಂಬರು ಮಾತ್ರ. ವಯಸ್ಸಾದವರಿಗೆ ತಮ್ಮ ತಪ್ಪು ನಾಲ್ಕು ಜನಕ್ಕೆ ಗೊತ್ತಾದರೆ ನಾಚಿಕೆ ಎಂದು ಮೇಷ್ಟ್ರೇ ಮಾಡಿದ ಏರ್ಪಾಡು ಅದು.

ಕ್ರಿಯಾಪದದ ಹುಚ್ಚು ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಟೈಪಿಸ್ಟು. ಗೋ, ವೆಂಟ್, ಗಾನ್; ಸೀ, ಸಾ, ಸೀನ್ ಎಂದು ಮೂರು ಕಂಬಸಾಲಿನ ಪಟ್ಟಿ ಬರೆದು ಪಾತ್ರೆ ತೊಳೆಯುವ ಕಟ್ಟೆಯೆದುರು ಅಂಟಿಸಿದ್ದ. ಅಕ್ಕ ತಂಗಿ ಇಬ್ಬರೂ ಪಾತ್ರೆ ಉಜ್ಜುತ್ತಾ ಅದನ್ನು ಬಾಯಿಪಾಠ ಮಾಡಬೇಕು. ತಂಗಿ ಎರಡನೇ ವಾರಕ್ಕೇ ಪಟ್ಟಿಯ ಮೇಲೆ ನೀರು ಚೆಲ್ಲಿ ಪಾರಾದಳು. ಅಕ್ಕ ಪಾರಾಗಲಿಲ್ಲ. ಮೂವತ್ತು ವರ್ಷ ಕಚೇರಿಯೊಂದರಲ್ಲಿ ಊರವರ ಪತ್ರಗಳನ್ನೆಲ್ಲ ತಿದ್ದಿ ನಿವೃತ್ತಳಾದ ಮೇಲೂ ಚಟ ಬಿಡಲಿಲ್ಲ. ಟಿವಿಯಲ್ಲಿ ಯಾರಾದರೂ ಕಾಲ ತಪ್ಪಿ ಇಂಗ್ಲಿಷ್ ಮಾತಾಡಿದರೆ ಊಟದ ತಟ್ಟೆಯ ಮುಂದೆಯೇ ಮುಖ ಕಿವುಚುತ್ತಿದ್ದಳು. ರೇಡಿಯೋ ರಿಪೇರಿ ಮಾಡುವ ಗಂಡ, "ನಮ್ಮನೆಗೆ ಕಳ್ಳ ಬಂದ್ರೂ ಇವಳು ಮೊದ್ಲು ಅವನ ಟೆನ್ಸ್ ಸರಿ ಇದ್ಯಾ ಅಂತ ನೋಡ್ತಾಳೆ" ಎಂದು ನೆಂಟರ ಮುಂದೆ ಹೇಳಿ ನಗಿಸುತ್ತಿದ್ದ. ಅವಳಿಗೆ ಅದು ಹೊಗಳಿಕೆಯಂತೆಯೇ ಕೇಳಿಸುತ್ತಿತ್ತು.

ಮೇಷ್ಟ್ರ ನಿಯಮ ಒಂದೇ: ವಾರಕ್ಕೆ ಹತ್ತು ವಾಕ್ಯ, ಅವರವರ ಬದುಕಿನಿಂದಲೇ, ನಿಜವಾದದ್ದೇ. ಗೈಡು ನೋಡಿ ಕಾಪಿ ಹೊಡೆಯಬಾರದಲ್ಲ, ಅದಕ್ಕೆ. ನಲವತ್ತೆರಡು ನೋಟ್‌ಬುಕ್ಕು, ನಾನೂರ ಇಪ್ಪತ್ತು ವಾಕ್ಯ; ಇಷ್ಟನ್ನೂ ಓದುತ್ತಾ ಕೂತರೆ ಮುಗಿಯುವುದುಂಟೇ? ಕೆಂಪಕ್ಕ ಬೂಟಿನ ಡಬ್ಬದ ರಟ್ಟಿನಲ್ಲಿ ಒಂದು ಪಟ್ಟಿ ಕತ್ತರಿಸಿ, ನಡುವೆ ಮೂರು ಬೆರಳಗಲದ ಕಿಂಡಿ ಮಾಡಿಕೊಂಡಿದ್ದಳು. ರಟ್ಟನ್ನು ಸಾಲಿನ ಮೇಲೆ ಸರಿಸುತ್ತಾ ಹೋದರೆ ಕಿಂಡಿಯಲ್ಲಿ ಕ್ರಿಯಾಪದ, ಅದರ ಅಕ್ಕಪಕ್ಕದ ಒಂದೆರಡು ಪದ ಕಾಣುತ್ತಿತ್ತು, ಉಳಿದದ್ದೆಲ್ಲ ಮರೆ. ಕಣ್ಣು ಅಡ್ಡಾಡುವುದಿಲ್ಲ, ಕೆಲಸ ಬೇಗ. ಇದರಲ್ಲಿ ಒಂದು ದೊಡ್ಡಸ್ತಿಕೆಯನ್ನೂ ಅವಳು ಕಂಡುಕೊಂಡಿದ್ದಳು. ಯಾರ ಮನೆಯಲ್ಲಿ ಯಾರು ಯಾರಿಗೆ ಬೈದರು ಎನ್ನುವ ಉಸಾಬರಿ ನಮಗ್ಯಾಕೆ, ನಾವು ನೋಡಬೇಕಾದ್ದು ಬೈದದ್ದು ಸರಿಯಾದ ಕಾಲದಲ್ಲಿದೆಯೇ ಎಂದು ಮಾತ್ರ ಎನ್ನುತ್ತಿದ್ದಳು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ನೋಡಿ! ನಾಲ್ಕು ವರ್ಷ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಆ ಮಂಗಳವಾರ ಬೆಳಿಗ್ಗೆ ಚಹಾದ ಲೋಟ ಉರುಳಿ ರಟ್ಟು ನೆನೆದು ಮೆತ್ತಗಾಯಿತು. ಹೊಸದು ಕತ್ತರಿಸಲು ಸೋಮಾರಿತನ. ಇವತ್ತೊಂದು ದಿನ ಬರಿಗಣ್ಣಲ್ಲೇ ಆಗಲಿ ಎಂದು ಕೂತಳು. ಮೊದಮೊದಲು ಮಜವಾಗಿಯೇ ಇತ್ತು. ಒಂಬತ್ತನೇ ನಂಬರಿನವರ ಅತ್ತೆ ಹಲ್ಲುಸೆಟ್ಟು ಕಳೆದುಕೊಂಡು ಮನೆಮಂದಿಯನ್ನೆಲ್ಲ ಅನುಮಾನಿಸಿದ್ದಳು. ಹದಿನಾಲ್ಕನೇ ನಂಬರು ಸೈಕಲ್ ಕಲಿಯಲು ಹೋಗಿ ಪೊಲೀಸಿನವನಿಗೇ ಗುದ್ದಿತ್ತು. ಕೆಂಪಕ್ಕ ಒಬ್ಬಳೇ ಕೂತು ನಕ್ಕಳು. ಆಮೇಲೆ ಇಪ್ಪತ್ತೇಳನೇ ನಂಬರನ್ನು ಕೈಗೆತ್ತಿಕೊಂಡಳು.

ಇಂಗ್ಲಿಷಿನಲ್ಲಿ ಗುಂಡಗೆ, ಒತ್ತಿ ಒತ್ತಿ ಬರೆದಿದ್ದ ಆ ಸಾಲುಗಳ ಅರ್ಥ ಇಷ್ಟು: ನಾನು ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತೇನೆ. ಹೆಚ್ಚಾದ ಹಬೆಯನ್ನು ಹೊರಗೆ ಬಿಡುವ ವಾಲ್ವಿಗೆ ಸೂಪರ್‌ವೈಸರ್ ಅದು ತೆರೆಯದಂತೆ ಕಬ್ಬಿಣದ ತುಂಡು ತೂಗುಹಾಕಿದ್ದಾರೆ. ನಾನು ಎರಡು ಸಲ ತೆಗೆದೆ. ಅವರು ಎರಡು ಸಲವೂ ಮತ್ತೆ ಹಾಕಿದರು. ಈಗ ವಾಲ್ವು ಸದ್ದು ಮಾಡುವುದಿಲ್ಲ. ಅದು ಸುಮ್ಮನಿರುವುದೇ ನನಗೆ ಹೆದರಿಕೆ. ಒತ್ತಡದ ಮೀಟರಿನ ಮುಳ್ಳು ದಿನಾ ಅಪಾಯದ ಗೆರೆ ದಾಟುತ್ತದೆ. ಗೋಡೆಯ ಆಚೆ ಒಬ್ಬ ಹೆಂಗಸು ಇಸ್ತ್ರಿ ಮಾಡುತ್ತಾಳೆ. ಅವಳು ದಿನವಿಡೀ ಹಾಡುತ್ತಾಳೆ, ಯಾವ ಹಾಡನ್ನೂ ಪೂರ್ತಿ ಹಾಡುವುದಿಲ್ಲ. ಬಾಯ್ಲರ್ ಸಿಡಿದರೆ ಆ ಗೋಡೆ ನಿಲ್ಲುವುದಿಲ್ಲ.

ಕೆಂಪಕ್ಕ ಪೆನ್ನು ಕೆಳಗಿಟ್ಟಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ, ಯಾವ ಹಾಡನ್ನೂ ಪೂರ್ತಿ ಹಾಡದ ಇನ್ನೊಬ್ಬ ಹೆಂಗಸು ಈ ಊರಲ್ಲಿ ಇರಲು ಸಾಧ್ಯವೇ ಇಲ್ಲ. ಅದು ಅವಳ ತಂಗಿ.

ಹಾಳೆಗಳನ್ನು ಹಿಂದಕ್ಕೆ ತಿರುಗಿಸಿದಳು. ಕಳೆದ ವಾರವೂ ಅದೇ ವಾಲ್ವು, ಅದೇ ಗೋಡೆ. ಅದರ ಹಿಂದಿನ ವಾರವೂ ಅದೇ. ಒಟ್ಟು ಒಂಬತ್ತು ವಾರ! ಮಾತು ಅಷ್ಟಿಷ್ಟು ಬದಲಾದರೂ ಸಂಗತಿ ಒಂದೇ, ಮತ್ತು ಒಂಬತ್ತೂ ವಾರದ ಕೆಳಗೆ ಅವಳದೇ ಸಹಿ, ತಾರೀಖು. ‘ಪುಟ್ಟೆಡ್’ ಹೊಡೆದುಹಾಕಿ ‘ಪುಟ್’ ಎಂದು ಬರೆದಿದ್ದಳು. ‘ಟೇಕ್ಡ್’ ಸುತ್ತ ಉರುಟು ಗೆರೆ ಎಳೆದು ‘ಟುಕ್’ ಮಾಡಿದ್ದಳು. ಐದನೇ ವಾರದ ಕೆಳಗಂತೂ ಕಾಲದ ಬಳಕೆ ಸುಧಾರಿಸಿದೆ, ಗುಡ್ ಎಂದು ಬೆನ್ನು ತಟ್ಟಿದ್ದಳು. ಮನುಷ್ಯನೊಬ್ಬ ಪ್ರಾಣಭಯದಲ್ಲಿ ಕೂಗುತ್ತಿದ್ದರೆ ಅವನ ಉಚ್ಚಾರಣೆಗೆ ಮಾರ್ಕು ಕೊಟ್ಟ ಹಾಗಾಯಿತಲ್ಲ ಎಂದು ಅವಳಿಗೆ ತನ್ನ ಅಕ್ಷರ ನೋಡಿಯೇ ಹೇಸಿಗೆಯಾಯಿತು.

ತಂಗಿಗೆ ಫೋನ್ ಮಾಡಿದಳು. ಕೆಲಸದ ಹೊತ್ತಿನಲ್ಲಿ ಎಲ್ಲರ ಫೋನೂ ಲಾಕರಿನಲ್ಲಿ. ರಿಂಗಾಗಿ ರಿಂಗಾಗಿ ನಿಂತಿತು. ಲಾಂಡ್ರಿಯ ಆಫೀಸಿಗೆ ಮಾಡಿದರೆ, ಎತ್ತಿದವರು ಇವಳ ಮಾತು ಪೂರ್ತಿ ಕೇಳದೆ ಬಟ್ಟೆ ನಾಳೆ ಸಿಗುತ್ತೆ ಎಂದು ಹೇಳಿ ಇಟ್ಟುಬಿಟ್ಟರು. ಕೆಂಪಕ್ಕ ನೋಟ್‌ಬುಕ್ಕನ್ನು ಬಗಲಿಗೆ ಸಿಕ್ಕಿಸಿಕೊಂಡು, ಬಚ್ಚಲಿಗೆ ಹಾಕುವ ರಬ್ಬರ್ ಚಪ್ಪಲಿಯಲ್ಲೇ ಬೀದಿಗೆ ಬಿದ್ದಳು. ಎಲ್ಲಿಗೆ ಎಂದು ಗಂಡ ಕೇಳಿದ್ದು ಅವಳ ಕಿವಿಗೆ ಬೀಳಲಿಲ್ಲ. ಮೂರು ಬೀದಿ ದಾಟುವಷ್ಟರಲ್ಲಿ ಮೂರು ಸಲ ಆ ಗೋಡೆ ಬಿದ್ದದ್ದು ಅವಳ ಕಣ್ಣಿಗೆ ಕಟ್ಟಿತು.

ಗೋಡೆ ಇನ್ನೂ ನಿಂತಿತ್ತು. ಹೋಟೆಲುಗಳ, ಆಸ್ಪತ್ರೆಗಳ ಬಿಳಿ ಹಾಸುಗಳ ರಾಶಿಯ ನಡುವೆ ತಂಗಿ ಏನೋ ಗುನುಗುತ್ತಾ ದಿಂಬಿನ ಚೀಲದ ಮೇಲೆ ಇಸ್ತ್ರಿ ಪೆಟ್ಟಿಗೆ ಎಳೆಯುತ್ತಿದ್ದಳು. ಅಕ್ಕನ ಕಾಲು ನೋಡಿ, ಇದೇನು ಬಚ್ಚಲಿಂದ ನೇರ ಬಂದೆಯಾ ಎಂದು ನಗಾಡಿದಳು. ಕೆಂಪಕ್ಕ ಅವಳ ಮಣಿಕಟ್ಟು ಹಿಡಿದು, ಇಲ್ಲಿರುವವರನ್ನೆಲ್ಲ ಕರೆದುಕೊಂಡು ಈಗಲೇ ಬೀದಿಯ ಆ ಬದಿಗೆ ಹೋಗು ಎಂದಳು. ಹುಟ್ಟಿದಾಗಿನಿಂದ ಅಕ್ಕನ ಮಾತನ್ನು ಒಂದೇ ಸಲಕ್ಕೆ ಕೇಳದವಳು, ಅಕ್ಕನ ಮುಖ ನೋಡಿ ಪೆಟ್ಟಿಗೆ ಇಟ್ಟು ಹೊರಟಳು.

ಹಿಂದಿನ ಕೋಣೆಯಲ್ಲಿ ಇಪ್ಪತ್ತೇಳನೇ ನಂಬರು ಸ್ಟೂಲಿನ ಮೇಲೆ ಕೂತಿದ್ದ. ಐವತ್ತು ದಾಟಿದ ಸಣಕಲು ಆಸಾಮಿ, ಕನ್ನಡಕದ ಒಂದು ಕಡ್ಡಿಗೆ ದಾರ. ಇವಳ ಬಗಲಿನ ನೋಟ್‌ಬುಕ್ಕಿನ ಗುರುತು ಹಿಡಿದದ್ದೇ ಕ್ಲಾಸಿನಲ್ಲಿ ಏಳುವಂತೆ ಎದ್ದು ನಿಂತು, ಈ ವಾರ ಎಷ್ಟು ತಪ್ಪು ಬಂತು ಎಂದು ಕೇಳಿದ. ಅವನ ಹಿಂದೆ ಗಡಿಯಾರದಂಥ ಮೀಟರಿನಲ್ಲಿ ಮುಳ್ಳು ಅಪಾಯದ ಗೆರೆಯ ಆಚೆ ನಡುಗುತ್ತಿತ್ತು. ವಾಲ್ವಿನ ಹಿಡಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ತುಂಡು ತಂತಿಗೆ ನೇತಾಡುತ್ತಿತ್ತು. ಅವನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಇಷ್ಟು ದಿನ ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೆಂಪಕ್ಕ ತೊದಲಿದಳು. ಹೇಳದೇ ಇರಲಿಲ್ಲ ಅವನು. ಸೂಪರ್‌ವೈಸರ್ ಹಬೆ ದಂಡವಾಗುತ್ತೆ ಎಂದು ಗದರಿಸಿದ್ದ. ದೂರದಲ್ಲಿರುವ ಮಾಲೀಕರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದರೆ, ಅದನ್ನು ಸೂಪರ್‌ವೈಸರೇ ತೆರೆದು ಎಲ್ಲರೆದುರು ಜೋರಾಗಿ ಓದಿ, ಮೊದಲು ಬರೆಯುವುದು ಕಲಿತುಕೊಂಡು ಬಾ ಎಂದು ನಗಾಡಿದ್ದ. ಕಲಿಯಲೆಂದೇ ಕ್ಲಾಸಿಗೆ ಸೇರಿದ್ದು. ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಮಡಿಸಿಟ್ಟ ಒಂದು ಪತ್ರ ತೆಗೆದು ತೋರಿಸಿದ. ಬಾಯ್ಲರ್ ತಪಾಸಣೆಯ ಆಫೀಸಿಗೆ ಬರೆದದ್ದು.

"ಒಂದೇ ಒಂದು ವಾರ ನಿಮ್ಮ ಕೆಂಪು ಗೆರೆ ಇಲ್ದೆ ವಾಪಸ್ ಬರ್ಲಿ, ಆಮೇಲೆ ಕಳಿಸೋಣ ಅಂತಿದ್ದೆ ಮೇಡಂ," ಎಂದ. "ಹೋದ ವಾರ ಎರಡೇ ಉಳಿದಿತ್ತು."

ಕೆಂಪಕ್ಕ ಪತ್ರದ ತಾರೀಖು ನೋಡಿದಳು. ತಾನು ಓದಲಿಲ್ಲ ಎನ್ನುವುದಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಆ ಪತ್ರವನ್ನು ಎರಡು ತಿಂಗಳು ಅವನ ಜೇಬಿನಲ್ಲೇ ಹಿಡಿದಿಟ್ಟವಳು ತಾನು.

"ಬೆಂಕಿ ಆರಿಸಿ," ಎಂದಳು. ಅವನು ಆಫೀಸಿನ ಬಾಗಿಲ ಕಡೆ ನೋಡಿದ. "ಯಾರ್ ಕೇಳಿದ್ರೂ ನನ್ ಕಡೆ ಕೈ ತೋರ್ಸಿ. ಮೊದ್ಲು ಆರಿಸಿ."

ತಪಾಸಣೆಯ ಆಫೀಸಿಗೆ ಅವಳೇ ಫೋನ್ ಮಾಡಿದಳು. ಏದುಸಿರಲ್ಲಿ, ಮನೆಮಾತಿನಲ್ಲೇ, ಹಿಂದಿನದು ಮುಂದೆ ಮುಂದಿನದು ಹಿಂದೆ ಮಾಡಿ ಒದರಿದಳು. ಗಂಟೆಯೊಳಗೆ ಇನ್‌ಸ್ಪೆಕ್ಟರ್ ಬಂದರು. ಇಷ್ಟು ಸಾಕಿತ್ತೇ ಎಂದು ಬಾಯ್ಲರಿನವನು ಬಾಯಿ ಬಿಟ್ಟುಕೊಂಡು ನಿಂತ. ಯಾರೂ ಅವನ ಪತ್ರ ಕೇಳಲಿಲ್ಲ.

ಬಾಯ್ಲರ್ ತಣ್ಣಗಾಗುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಇನ್‌ಸ್ಪೆಕ್ಟರ್ ಟಾರ್ಚು ಹಿಡಿದು ಒಳಗೆ ಬಗ್ಗಿ ನೋಡಿ, ಸೂಪರ್‌ವೈಸರನನ್ನು ಕರೆದು ತೋರಿಸಿದರು. ಇಸ್ತ್ರಿಯ ಗೋಡೆಯ ಕಡೆಗಿದ್ದ ತಗಡು ಉಬ್ಬಿ, ಬೆಸುಗೆ ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು. ಇವತ್ತು ಸಂಜೆಯವರೆಗೆ ಇದು ತಡೆಯುತ್ತಿತ್ತು ಎಂದು ನಾನು ಬರೆದುಕೊಡಲಾರೆ ಎಂದರು. ಬೆಳಗ್ಗಿನಿಂದ ಎಗರಾಡುತ್ತಿದ್ದ ಸೂಪರ್‌ವೈಸರ್ ಹಾಸುಗಳ ರಾಶಿಯ ಮೇಲೆ ಕುಸಿದು ಕೂತ. ತಂಗಿ ಬಂದು ಅಕ್ಕನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಇವಳೊಬ್ಬಳು ಬರದೇ ಹೋಗಿದ್ದರೆ ಎಂದು ಪಕ್ಕದವರಿಗೆಲ್ಲ ಹೇಳುತ್ತಾ ಅಳುತ್ತಿದ್ದಳು.

ಇನ್‌ಸ್ಪೆಕ್ಟರ್ ಫಾರಂ ತುಂಬತೊಡಗಿದರು. ಇದು ಯಾವಾಗಿನಿಂದ, ಯಾರ್ಯಾರಿಗೆ ತಿಳಿದಿತ್ತು ಎಂದು ಒಂದು ಪ್ರಶ್ನೆ. ಬಾಯ್ಲರಿನವನು ತನ್ನದು, ಸೂಪರ್‌ವೈಸರನದು ಎರಡು ಹೆಸರು ಹೇಳಿ, ಪುರಾವೆಗೆ ಕೆಂಪಕ್ಕನ ಕೈಯಿಂದ ತೆಗೆದುಕೊಂಡ ನೋಟ್‌ಬುಕ್ಕು ಕೊಟ್ಟ. ಅವರು ಹಾಳೆ ತಿರುವುತ್ತಾ ಹೋದರು, ನಿಧಾನಕ್ಕೆ, ಒಂದೊಂದೇ ಸಾಲು ಓದುತ್ತಾ. ಕೆಂಪು ಸಹಿಯ ಮೇಲೆ ಬೆರಳಿಟ್ಟು ಇದು ಯಾರದು ಎಂದು ಕೇಳಿದರು.

"ಅದು ಬರೀ ಇಂಗ್ಲಿಷ್ ಕ್ಲಾಸಿಂದು ಸಾರ್," ಎಂದು ಅವನು ಅಡ್ಡ ಬಂದ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಕೆಂಪಕ್ಕ ಸುಮ್ಮನಿದ್ದರೆ ಮುಗಿಯುತ್ತಿತ್ತು. ಇನ್‌ಸ್ಪೆಕ್ಟರ್ ಆಗಲೇ ಮುಂದಿನ ಪ್ರಶ್ನೆಗೆ ಪೆನ್ನು ಸರಿಸಿದ್ದರು.

"ಸಹಿ ನಂದು," ಎಂದಳು. "ಒಂಬತ್ತು ವಾರದಿಂದ ಇದು ನನ್ ಕೈಲಿತ್ತು. ನನ್ನ ಹೆಸರೂ ಬರ್ಕೊಳ್ಳಿ."

ತಂಗಿಯ ಅಳು ನಿಂತಿತು. ನೋಟ್‌ಬುಕ್ಕನ್ನೂ ಅಕ್ಕನ ಮುಖವನ್ನೂ ಒಮ್ಮೆ ನೋಡಿ, ಹಿಡಿದಿದ್ದ ಕೈಯನ್ನು ಮೆಲ್ಲಗೆ ಬಿಟ್ಟಳು.