ನೀಲ್ಯಾನ ಬಗ್ಗೆ ಮೌಶಿಯ ಅಭಿಪ್ರಾಯಗಳು

ಕೊರಿಯರ್ ಲಕೋಟೆ ಕತ್ತರಿಸಿದ ಕೂಡಲೇ ಒಂದು ವಾಸನೆ ಬರುತ್ತದೆ. ಹೊಸ ಮಸಿಯದು, ನುಣುಪು ಕಾಗದದ್ದು, ಜೊತೆಗೆ ಯಾವುದೋ ಗೋದಾಮಿನ ಧೂಳಿನದು. ತಲೆ ನರೆತ, ಸೊಂಟನೋವಿರುವ, ವಿಮಾ ಕಚೇರಿಯಲ್ಲಿ ಅಪಘಾತದ ಅರ್ಜಿಗಳನ್ನು ನೋಡಿ ಹೊಟ್ಟೆ ಹೊರೆಯುವ ಗೃಹಸ್ಥನೊಬ್ಬ ಕಣ್ಣು ಮುಚ್ಚಿ ಆ ವಾಸನೆ ಎಳೆದುಕೊಳ್ಳುವುದು ನೋಡತಕ್ಕ ದೃಶ್ಯವಲ್ಲ. ನನ್ನ ಹೆಂಡತಿ ಸವಿತಾ ಅದನ್ನು ನೋಡಿ ನಗುವುದನ್ನೂ ಬಿಟ್ಟು ಎಷ್ಟೋ ವರ್ಷವಾಯಿತು. ಇವತ್ತು ಬೆಳಿಗ್ಗೆ ಲಕೋಟೆಯನ್ನು ನನ್ನ ಮುಂದಿಟ್ಟು, "ಬಂದ ನೋಡ್ರಿ ನಿಮ್ಮ ನೀಲ್ಯಾ" ಎಂದು ಒಳಗೆ ಹೋದಳು.

ನೀಲ್ಯಾ ಅವನ ನಿಜವಾದ ಹೆಸರಲ್ಲ. ಅವನಿಗೊಂದು ಗಂಭೀರವಾದ ಇಂಗ್ಲಿಷ್ ಹೆಸರಿದೆ. ಮೈಗಂಟಿದ ನೀಲಿ ಉಡುಪು ತೊಟ್ಟು ಆಕಾಶದಲ್ಲಿ ಹಾರುವ, ಮಿಂಚನ್ನು ಮುಷ್ಟಿಯಲ್ಲಿ ಹಿಡಿಯುವ, ಹಗಲಲ್ಲಿ ಹವಾಮಾನ ಕಚೇರಿಯ ಗುಮಾಸ್ತನಾಗಿರುವ ಮಹಾವೀರ ಅವನು. ತಿಂಗಳಿಗೊಂದು ಕಾಮಿಕ್ಸ್ ಸಂಚಿಕೆ ಬರುತ್ತದೆ. ನಾನು ಕಾಲೇಜಿನಿಂದಲೂ ಅವನನ್ನು ಓದಿಕೊಂಡು ಬಂದಿದ್ದೇನೆ. ಅವನಿಗೆ ಆಗಲೂ ಇಪ್ಪತ್ತೆಂಟು ವಯಸ್ಸು, ಈಗಲೂ ಇಪ್ಪತ್ತೆಂಟು. ನನ್ನ ವಿಷಯ ಬಿಡಿ. ಅಂಥವನಿಗೆ ಮರಾಠಿ ಮನೆಯ ತುಂಟ ಹುಡುಗನನ್ನು ಕರೆದಂತೆ 'ನೀಲ್ಯಾ' ಎಂದು ಹೆಸರಿಟ್ಟು, ನಮ್ಮ ಮನೆಯವರ ಬಾಯಿಗೂ ನನ್ನ ಗೆಳೆಯರ ಬಾಯಿಗೂ ಅದೇ ಹತ್ತುವಂತೆ ಮಾಡಿದವಳು ನಮ್ಮ ಮಾಲತಿ ಮೌಶಿ.

ಮೌಶಿ ನನ್ನ ತಾಯಿಯ ತಂಗಿ. ಧಾರವಾಡದ ಹುಡುಗಿ, ಮದುವೆಯಾಗಿ ಪುಣೆಗೆ ಬಂದವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿ, ಸೂಪರ್‌ವೈಸರ್ ಆಗಿ ನಿವೃತ್ತಳಾದಳು. ಮಕ್ಕಳಿಲ್ಲ. ಅವಳ ಗಂಡ, ನಮ್ಮ ಕಾಕಾ, ತೀರಿಕೊಂಡ ಮೇಲೂ ಪುಣೆಯಂಚಿನ ನಿಗಡಿಯ ಎರಡನೇ ಮಹಡಿಯ ಮನೆಯಲ್ಲಿ ಒಬ್ಬಳೇ ಇದ್ದಳು. ಒಬ್ಬಳೇ ಎಂದು ನಾವು ಅನ್ನುತ್ತಿದ್ದೆವು, ಅಷ್ಟೇ. ಅವಳು ಹಾಗೆಂದದ್ದನ್ನು ನಾನು ಕೇಳಿಲ್ಲ. ಎರಡು ವರ್ಷದ ಹಿಂದೆ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಾಗ ಅವಳನ್ನು ವಿಮಾನ ನಗರದ ನಮ್ಮ ಮನೆಗೆ ಕರೆತಂದೆವು. ಲಿಫ್ಟ್ ಇರುವ ಮನೆ, ಹತ್ತಿರದಲ್ಲೇ ಆಸ್ಪತ್ರೆ. ಇದ್ದ ಒಂದೇ ಹೆಚ್ಚಿನ ಕೋಣೆಯಲ್ಲಿ ನನ್ನ ಕಾಮಿಕ್ಸಿನ ಕಪಾಟಿತ್ತು. ಹಿರಿಯರ ಕಣ್ಣಿಗೆ ಬೀಳಬಾರದೆಂದು ಅದಕ್ಕೊಂದು ಚಾದರ ಹೊದಿಸಿದೆ.

ಸವಿತಾ ತಂದುಕೊಟ್ಟ ವಾರಪತ್ರಿಕೆಗಳೆಲ್ಲ ಮುಗಿದ ಮೇಲೆ ಮೌಶಿ ಕೋಲು ಚಾಚಿ ಆ ಚಾದರವನ್ನು ಎಳೆದಳು. ನಾನು ಕಚೇರಿಯಿಂದ ಬಂದಾಗ ಪ್ಲಾಸ್ಟರಿನ ಕಾಲನ್ನು ದಿಂಬಿನ ಮೇಲಿಟ್ಟು, ಕನ್ನಡಕ ಏರಿಸಿ ಓದುತ್ತ ಕೂತಿದ್ದಳು. ಇತ್ತೀಚಿನ ಒಂದು ವರ್ಷದ ಸಂಚಿಕೆಗಳು ಹಾಸಿಗೆಯ ತುಂಬ ಹರಡಿದ್ದವು. ನಾನು ಪ್ರತಿಯೊಂದನ್ನೂ ಪಾರದರ್ಶಕ ಚೀಲದಲ್ಲಿಟ್ಟು, ಕೈ ತೊಳೆದುಕೊಂಡು ಮುಟ್ಟುವವನು. ಒಂದರ ಮೇಲೆ ಅವಳ ಚಹಾದ ಬಟ್ಟಲಿತ್ತು.

"ಏನೋ ಇದು, ನಿಂದ ಏನು?" ಎಂದಳು.

"ಹೌದು ಮೌಶಿ. ಸುಮ್ನ, ಹಳೇ ಚಟ."

"ಚಿತ್ರ ಛಂದ ಅವ. ಆದ್ರ ಈ ನೀಲ್ಯಾ ಊಟಾ ಯಾವಾಗ ಮಾಡ್ತಾನ?"

ಮೂವತ್ತು ವರ್ಷ ಓದಿದರೂ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಅವನು ಊಟಕ್ಕೆ ಕೂಡುತ್ತಾನೆ, ಎಲ್ಲೋ ಸ್ಫೋಟವಾಗುತ್ತದೆ, ತಟ್ಟೆ ಬಿಟ್ಟು ಏಳುತ್ತಾನೆ.

ಅಂದಿನಿಂದ ಸಂಜೆ ನಾನು ಮನೆಗೆ ಬರುವುದೇ ತಡ, ಮೌಶಿಯ ಅಭಿಪ್ರಾಯಗಳು ಕಾದಿರುತ್ತಿದ್ದವು. ಹೊಡೆದಾಡುವಾಗ ನೀಲ್ಯಾ ಮಾತಾಡುವುದು ಅವಳಿಗೆ ಸೇರುತ್ತಿರಲಿಲ್ಲ. "ಒಂದು ಗುದ್ದಿಗೆ ಇಷ್ಟುದ್ದ ಭಾಷಣ! ಟ್ರಂಕ್ ಕಾಲ್ ಆಗಿದ್ರ ನಾ ಯಾವಾಗೋ ಕಟ್ ಮಾಡ್ತಿದ್ದೆ." ಖಳನಾಯಕನಾದ ಮುದಿ ವಿಜ್ಞಾನಿಗೆ 'ಮಾಸ್ತರ' ಎಂದು ಹೆಸರಿಟ್ಟಳು. ಅವನ ಮೇಲೆ ಅವಳಿಗೆ ಕನಿಕರವಿತ್ತು. ಒಳ್ಳೆಯ ಪ್ರಯೋಗಶಾಲೆ ಕೊಟ್ಟಿದ್ದರೆ ಪಾಪ ಅವನು ಊರನ್ನು ಯಾಕೆ ಸುಡುತ್ತಿದ್ದ ಎನ್ನುತ್ತಿದ್ದಳು. ಆಗ ಮೂರು ತಿಂಗಳ ಹಿಂದಷ್ಟೇ ಬಂದಿದ್ದ ಹೊಸ ಚಿತ್ರಕಾರನನ್ನು ನಾನು ಹೊಗಳಿ ಹೊಗಳಿ ಸಾಯುತ್ತಿದ್ದೆ. ನೆರಳು ಬೆಳಕಿನಲ್ಲಿ ಅವನನ್ನು ಮೀರಿಸುವವರಿಲ್ಲ ಎಂದರೆ, "ನೆರಳ ಅದ, ಬೆಳಕ ಎಲ್ಲೆ ಅದ? ಯಾರ ಯಾರನ್ನ ಹೊಡೀಲಿಕತ್ತಾರ ಅನ್ನೂದ ತಿಳೀವಲ್ದು" ಎಂದಳು. ನಿಜ ಹೇಳುತ್ತೇನೆ, ನನಗೂ ತಿಳಿಯುತ್ತಿರಲಿಲ್ಲ. ತಿಳಿಯದ್ದನ್ನೇ ಕಲೆ ಎಂದುಕೊಂಡಿದ್ದೆ.

ಅವಳಿಗೆ ಮನಸಾರೆ ಹಿಡಿಸಿದ ಪಾತ್ರ ಒಂದೇ. ನೀಲ್ಯಾನಿಗೆ ಕೋಣೆ ಬಾಡಿಗೆ ಕೊಟ್ಟಿರುವ ಮುದುಕಿ. ಮೌಶಿ ಅವಳನ್ನು ಗೌರವದಿಂದ 'ಬಾಯಾರು' ಎಂದು ಕರೆಯುತ್ತಿದ್ದಳು. ಬಾಯಾರು ಪ್ರತಿ ಸಂಚಿಕೆಯಲ್ಲೂ ಒಂದೆರಡು ಚೌಕದಲ್ಲಿ ಕಾಣಿಸಿಕೊಂಡು, ಸೂಪಿನ ಪಾತ್ರೆ ಹಿಡಿದು, "ಮಗಾ, ಹುಷಾರು" ಎಂದು ಹೇಳಿ ಹೋಗುವವಳು. ನಾನು ಆ ಚೌಕಗಳನ್ನು ಹಾರಿಸಿ ಓದುತ್ತಿದ್ದೆ. "ಅಕಿಗೆ ಎಲ್ಲಾ ಗೊತ್ತದ," ಎಂದು ಮೌಶಿ ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದಳು. "ಇಂವಾ ಹಾರ್ತಾನಂತ ಗೊತ್ತಿದ್ದs ಕಿಡಕಿ ತಗದಿಟ್ಟಿರ್ತಾಳ. ನೋಡು, ಪ್ರತೀ ಸಲಾನೂ ತಗದ ಅದ." ಹಿಂದಿನ ಸಂಚಿಕೆಗಳನ್ನು ತೆಗೆದು ನೋಡಿದೆ. ಹೌದು, ಕಿಟಕಿ ತೆರೆದೇ ಇತ್ತು.

ನಮ್ಮದೊಂದು ಅಭಿಮಾನಿಗಳ ಬಳಗವಿದೆ. ತಿಂಗಳಲ್ಲೊಂದು ರವಿವಾರ ಸುಧಾಕರನ ಹೋಟೆಲಿನ ಮಾಳಿಗೆಯಲ್ಲಿ ಸೇರುತ್ತೇವೆ. ಸುಧಾಕರ ಕುಂದಾಪುರದ ಕಡೆಯವನು. ಕೆಳಗೆ ಗಲ್ಲಾದಲ್ಲಿ ಕೂತಾಗ ಗಂಭೀರ ಧಣಿ, ಮಾಳಿಗೆ ಹತ್ತಿದರೆ ನಮ್ಮೆಲ್ಲರಿಗಿಂತ ದೊಡ್ಡ ಹುಚ್ಚ. ಉಳಿದವರೆಲ್ಲ ಮರಾಠಿ ಗೆಳೆಯರು. ಬಹುತೇಕ ಬೊಜ್ಜು ಬಂದ, ಸಾಲದ ಮನೆಗಳಲ್ಲಿರುವ ಗಂಡಸರು. ನೀಲ್ಯಾನ ಉಡುಪಿನ ಬಣ್ಣ ಅರ್ಧ ಛಾಯೆ ಬದಲಾದರೆ ನಾವು ಇಡೀ ಮಧ್ಯಾಹ್ನ ಜಗಳಾಡಬಲ್ಲೆವು. ಅಲ್ಲಿ ಒಮ್ಮೆ ಮೌಶಿಯ ಕಿಟಕಿಯ ಮಾತನ್ನು ಹೇಳಿದೆ. ಸುಧಾಕರ ದೋಸೆ ಅಲ್ಲಿಗೇ ಬಿಟ್ಟು, "ಅವರನ್ನು ಕರ್ಕೊಂಡು ಬನ್ನಿ ಮಾರಾಯ್ರೆ. ನಾವಿಲ್ಲಿ ಎಂತ ಓದಿದ್ದು ಇಷ್ಟು ವರ್ಷ?" ಎಂದ.

ಮುಂದಿನ ಸಭೆಯ ಹೊತ್ತಿಗೆ ಪ್ಲಾಸ್ಟರ್ ಬಿಚ್ಚಿತ್ತು. ಮೌಶಿ ಇಳಕಲ್ ಸೀರೆ ಉಟ್ಟು, ವಾಕರ್ ಹಿಡಿದು ಬಂದಳು. ಬಳಗಕ್ಕೆ ಬಳಗವೇ ಎದ್ದು ನಿಂತಿತು. ಆ ತಿಂಗಳು ಪ್ರಕಾಶಕರು ದೊಡ್ಡ ಡಂಗುರ ಹೊಡೆದಿದ್ದರು, ಮುಂದಿನ ಸಂಚಿಕೆಯಲ್ಲಿ ಒಬ್ಬರು ಸಾಯುತ್ತಾರೆ ಎಂದು. ಮಾಸ್ತರ ಸಾಯುತ್ತಾನೆ ಎಂದು ಕೆಲವರು, ನೀಲ್ಯಾನ ಪ್ರೇಯಸಿ ಎಂದು ಕೆಲವರು. ಪ್ರೇಯಸಿ ಈಗಾಗಲೇ ಎರಡು ಸಲ ಸತ್ತಿದ್ದರಿಂದ ಆ ವಾದಕ್ಕೆ ಬಲವಿರಲಿಲ್ಲ. ಮೌಶಿ ಎಲ್ಲರನ್ನೂ ಕೇಳಿಸಿಕೊಂಡು ಮರಾಠಿಯಲ್ಲಿ ಶಾಂತವಾಗಿ ಹೇಳಿದಳು, ಸಾಯುವವರು ಬಾಯಾರು ಎಂದು.

"ಅದು ಹ್ಯಾಂಗ ಹೇಳ್ತಿ ಮೌಶಿ?" ಎಂದೆ.

"ವರ್ಷಗಟ್ಲೆ ಅಕೀಗೆ ಒಂದs ಮಾತು. ಹೋದ ಎರಡು ಪುಸ್ತಕದಾಗ ಒಮ್ಮೆಲೆ ಎಲ್ಲಾರೂ ಅಕೀ ಕೂಡ ಮಾತಾಡ್ಲಿಕತ್ತಾರ. ಅಕೀ ಬಾಲ್ಯ ಏನು, ಅಕೀ ಗಂಡ ಹ್ಯಾಂಗಿದ್ದ... ಎಕ್ಸ್‌ಚೇಂಜಿನಾಗೂ ಹಂಗs ಇತ್ತು. ಯಾರೂ ಕೇಳದ ಮನಿಗೆ ಒಂದs ಸಂಜೀಗೆ ಸಾಲಾಗಿ ಫೋನ್ ಬಂದ್ರ ತಿಳಕೋಬೇಕು, ಆ ಮನ್ಯಾಗ ಏನೋ ಆಗೇದ ಅಂತ."

ಇಲ್ಲಿ ಸ್ವಲ್ಪ ನಿಂತು ನಮ್ಮ ಮನೆಯ ಸಂಗತಿ ಹೇಳಬೇಕು. ಅದೇ ದಿನಗಳಲ್ಲಿ ಮೌಶಿಯ ಮೊಬೈಲಿಗೂ ಕರೆಗಳು ಹೆಚ್ಚಾಗಿದ್ದವು. ಧಾರವಾಡದ ಮಾಮಾ ದಿನವೂ ಫೋನ್ ಮಾಡಿ ಆರೋಗ್ಯ ಕೇಳುತ್ತಿದ್ದ. ಅದಕ್ಕೆ ಮೊದಲು ನನಗೆ ಫೋನ್ ಮಾಡಿರುತ್ತಿದ್ದ. ಮೌಶಿ ಇನ್ನು ಒಬ್ಬಳೇ ಇರುವುದು ಬೇಡ, ನಮ್ಮಲ್ಲೇ ಇರಲಿ, ನಿಗಡಿಯ ಮನೆ ಬಾಡಿಗೆಗೆ ಕೊಟ್ಟುಬಿಡೋಣ ಎಂದು ಮಾಮಾ ಮತ್ತು ನಾನು ನಿರ್ಧರಿಸಿದ್ದೆವು. ಸವಿತಾಳಿಗೂ ಒಪ್ಪಿಗೆ ಇತ್ತು. ಹೇಳುವುದು ಕಾಲು ಪೂರ್ತಿ ವಾಸಿಯಾದ ಮೇಲೆ ಎಂದುಕೊಂಡು, ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಮಾತಾಡುತ್ತಿದ್ದೆವು. ಆ ವಾರಗಳಲ್ಲಿ ನನಗೆ ನನ್ನ ಮೇಲೆ ಬಹಳ ಗೌರವ ಬಂದಿತ್ತು. ಕನ್ನಡಿಯ ಮುಂದೆ ನಿಂತರೆ ಹೆಗಲ ಮೇಲೊಂದು ನೀಲಿ ವಸ್ತ್ರ ಹಾರಾಡಿದಂತೆ ಅನಿಸುತ್ತಿತ್ತು.

ಸಂಚಿಕೆ ಬಂತು. ಬಾಯಾರು ಸತ್ತರು. ಮಾಸ್ತರನ ಬಾಂಬಿಗೆ ಮನೆ ಉರುಳಿತು, ಅವಶೇಷಗಳ ನಡುವೆ ನೀಲ್ಯಾನ ತೊಡೆಯ ಮೇಲೆ ತಲೆಯಿಟ್ಟು, "ಹೋಗು ಮಗಾ, ಊರಿಗೆ ನೀನು ಬೇಕು" ಎಂದು ಕಣ್ಣು ಮುಚ್ಚಿದರು. ಪುಟ ತಿರುಗಿಸಿದರೆ ನೀಲ್ಯಾ ಕಪ್ಪು ಉಡುಪಿನಲ್ಲಿ, ದವಡೆ ಬಿಗಿದು, ಮಳೆಯಲ್ಲಿ ನಿಂತಿದ್ದಾನೆ. ಆ ಚಿತ್ರ ಇಡೀ ಎರಡು ಪುಟದ್ದು. ನಾನು ಅತ್ತೆ. ಅಭಿಮಾನಿಗಳ ಜಾಲತಾಣದಲ್ಲಿ ಸುಳ್ಳು ಹೆಸರಿನಿಂದ ವಿಮರ್ಶೆ ಬರೆಯುವ ಅಭ್ಯಾಸ ನನಗುಂಟು. ಇಂಥ ದಿಟ್ಟ ಸಂಚಿಕೆ ಬಂದೇ ಇಲ್ಲ, ನಾಯಕ ಕೊನೆಗೂ ಪ್ರೌಢನಾದ ಎಂದು ಬರೆದು ಐದಕ್ಕೆ ಐದು ನಕ್ಷತ್ರ ಕೊಟ್ಟೆ.

ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಮೌಶಿ ರೊಟ್ಟಿ ಮುರಿಯುತ್ತ ಕೇಳಿದಳು, "ಬಾಯಾರು ಯಾಕ ಸತ್ರು?"

ನಾನು ಉತ್ಸಾಹದಿಂದ ವಿವರಿಸಿದೆ. ನೋವಿಲ್ಲದೆ ನಾಯಕ ಬೆಳೆಯುವುದಿಲ್ಲ, ಈ ಸಾವು ಅವನನ್ನು ಒಳಗಿನಿಂದ ಬದಲಾಯಿಸುತ್ತದೆ, ಇತ್ಯಾದಿ.

"ಅಂದ್ರ ಅಂವಗ ಹೊಸಾ ಅಂಗಿ ಹೊಲಸಲಿಕ್ಕೆ ಅಕಿ ಸತ್ಲು."

"ಹಂಗಲ್ಲ ಮೌಶಿ..."

"ಹಂಗs ಅದ. ನಿನಗೇನ ಬೇಕವಾ, ಎಲ್ಲಿರಬೇಕಂತೀ, ಅಂತ ಅಕೀನ್ನ ಯಾರರೆ ಒಬ್ರು ಕೇಳಿದ್ರೇನು? ಇಷ್ಟು ಪುಟದಾಗ?" ಆಮೇಲೆ ನನ್ನ ಕಡೆ ನೋಡದೆ, ಪಲ್ಯ ಬಡಿಸಿಕೊಳ್ಳುತ್ತ, "ನನ್ನ ನಿಗಡಿ ಮನಿ ಬಾಡಗಿ ಕೊಡೂದು ಯಾವಾಗ ಠರಾವಾತು?" ಎಂದಳು.

ಸವಿತಾ ಕೈಯಲ್ಲಿದ್ದ ಸಾರಿನ ಸೌಟನ್ನು ಹಾಗೆಯೇ ಹಿಡಿದು ನಿಂತಳು.

"ನಲ್ಲಿ ಬಿಟ್ರ ಕೇಳಸೂದಿಲ್ಲ ಅನಕೊಂಡೀರಿ," ಎಂದಳು ಮೌಶಿ. ದನಿ ಏರಲಿಲ್ಲ. "ನನ್ನ ಜನ್ಮ ಎಲ್ಲಾ ಗರಗರ ಲೈನಿನಾಗ ಮಂದಿ ಮಾತು ಕೇಳೂದರಾಗs ಹೋಗೇದ."

"ಮೌಶಿ, ನಿಮ್ಮ ಸಲುವಾಗೇ..." ಎಂದು ಸವಿತಾ ಬಾಯಿ ತೆರೆದಳು. ನಾನು ಮೆಟ್ಟಿಲಿನ ಮಾತೆತ್ತಿದೆ, ಮತ್ತೆ ಬಿದ್ದರೆ ಯಾರು ನೋಡುತ್ತಾರೆ ಎಂದೆ. ಅಪಘಾತದ ವಿಷಯದಲ್ಲಿ ನಾನು ಪರಿಣತ ಎಂಬುದನ್ನೂ ನೆನಪಿಸಿದೆ.

"ಮೆಟ್ಲದ ಮಾತು ಖರೆ ಅದ," ಎಂದಳು. "ಅದನ್ನ ನನಗ ಹೇಳಬೇಕಿತ್ತು, ಧಾರವಾಡಕ್ಕಲ್ಲ. ನೀ ಭಾಳ ಒಳ್ಳೆ ಹುಡುಗ. ಹೀರೋ ಆಗು, ಬ್ಯಾಡನ್ನೂದಿಲ್ಲ. ಆದ್ರ ಅದಕ್ಕ ನಾನs ಯಾಕ ಬೇಕು?"

ಊಟ ಮುಗಿಸಿ ತಟ್ಟೆಯನ್ನು ತಾನೇ ಎತ್ತಿಟ್ಟಳು. ಅವಳ ಕಣ್ಣು ತುಂಬಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಅವಳು ಕನ್ನಡಕ ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದ್ದನ್ನು ಮಾತ್ರ ಕಂಡೆ. ನನಗೆ ಸಿಟ್ಟೂ ಬಂದಿತ್ತು. ಇಷ್ಟು ಮಾಡಿದರೂ ಹೀಗೆ ಅಂದಳಲ್ಲ ಎಂದು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಕಪ್ಪು ಅಂಗಿಯೊಂದು ಇದ್ದಿದ್ದರೆ ಹಾಕಿಕೊಳ್ಳುತ್ತಿದ್ದೆ.

ಆ ಎರಡು ದಿನದಲ್ಲಿ ಮೌಶಿ ಸುಮ್ಮನೆ ಕೂತಿರಲಿಲ್ಲ. ಹಾಸಿಗೆಯ ಮೇಲೆ ಕೂತು ಒಂದರ ಹಿಂದೊಂದು ಫೋನ್ ಮಾಡಿದಳು. ನಿಗಡಿಯ ಅವಳ ಕಟ್ಟಡದಲ್ಲೇ ನೆಲಮಹಡಿಯ ಮನೆ ಖಾಲಿಯಾಗುವುದಿತ್ತು. ಅದನ್ನು ಬಾಡಿಗೆಗೆ ಹಿಡಿದಳು. ಮೇಲಿನ ತನ್ನ ಮನೆಗೆ ಹೊಸದಾಗಿ ಮದುವೆಯಾದ ಗಂಡಹೆಂಡಿರನ್ನು ಬಾಡಿಗೆಗೆ ಒಪ್ಪಿಸಿದಳು. ಎಲ್ಲ ಕುದುರಿದ ಮೇಲೆ ನನ್ನನ್ನು ಕರೆದು, "ಬಾಡಗಿ ಕೊಡೂ ವಿಚಾರ ಚಲೋನ ಇತ್ತು ನಿಂದು" ಎಂದು ಮೆಚ್ಚಿಕೊಂಡಳು. ಸಾಮಾನು ಸಾಗಿಸಲು ಸುಧಾಕರ ತನ್ನ ಹೋಟೆಲಿನ ಟೆಂಪೋ ತಂದ. ಬಳಗದ ಬೊಜ್ಜಿನ ಗಂಡಸರೆಲ್ಲ ಏದುಸಿರು ಬಿಡುತ್ತ ಅವಳ ಕಪಾಟು, ಮಂಚಗಳನ್ನು ಎರಡು ಮಹಡಿ ಇಳಿಸಿದರು. ನಮ್ಮಲ್ಲಿ ಮಹಾವೀರರು ಯಾರೂ ಇಲ್ಲವೆಂಬುದು ಅವತ್ತು ನಿಸ್ಸಂದೇಹವಾಗಿ ಸಾಬೀತಾಯಿತು.

ಇವತ್ತಿನ ಲಕೋಟೆಯಲ್ಲಿ ಬಂದ ಸಂಚಿಕೆಯಲ್ಲಿ ಬಾಯಾರು ಬದುಕಿ ಬಂದಿದ್ದಾರೆ. ಈ ಲೋಕದಲ್ಲಿ ಯಾರೂ ಹೆಚ್ಚು ಕಾಲ ಸತ್ತಿರುವುದಿಲ್ಲ, ನಿಮಗೆ ಗೊತ್ತಿರಬಹುದು. ಅಂದು ಸತ್ತದ್ದು ಬಾಯಾರ ವೇಷ ತೊಟ್ಟ ಬೇರೊಬ್ಬಳಂತೆ. ಬಳಗದಲ್ಲಿ ಬೆಳಗಿನಿಂದಲೇ ಗಲಾಟೆ. ಸಾವಿಗೆ ಬೆಲೆಯೇ ಇಲ್ಲದಂತಾಯಿತು ಎಂದು ಸುಧಾಕರ ಫೋನಿನಲ್ಲೇ ಕೂಗಾಡಿದ. ಮೌಶಿಗೆ ಸಂತೋಷವಾದೀತೆಂದು ನಾನು ಬಸ್ಸು ಬದಲಿಸಿಕೊಂಡು ಮಧ್ಯಾಹ್ನಕ್ಕೆ ನಿಗಡಿ ಮುಟ್ಟಿದೆ. ಅವಳು ಅಂಗಳಕ್ಕೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಸಂಚಿಕೆಯನ್ನು ಮೊದಲಿನಿಂದ ಕೊನೆಯವರೆಗೆ, ನಾನು ಹಾರಿಸುವ ಚೌಕಗಳನ್ನೂ ಬಿಡದೆ ಓದಿದಳು.

"ಬಂದಾಳ ನೋಡು," ಎಂದೆ.

"ಬಂದಾಳ. ಬಂದಾಕೀನ ಮತ್ತ ಸೂಪ್ ಕಾಸ್ಲಿಕತ್ತಾಳ." ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡಳು. "ಸತ್ತು ಬಂದಾಕಿ. ಒಂದು ದಿವಸರೆ ಸುಮ್ನ ಕೂಡಬಾರದ? ಅಂವಾ ಮಾಡ್ಲಿ, ಹಾರಲಿಕ್ಕೆ ಬರ್ತದ, ಒಲಿ ಹಚ್ಚಲಿಕ್ಕೆ ಬರೂದಿಲ್ಲ?"

ವಿಮರ್ಶೆಗೆ ನಾನು ದಾರಿಯಲ್ಲೇ ನಾಲ್ಕು ಸಾಲು ಹೊಂದಿಸಿಕೊಂಡಿದ್ದೆ. ಅವು ಯಾವುವೂ ಈಗ ಕೆಲಸಕ್ಕೆ ಬರುವಂತಿರಲಿಲ್ಲ. ಎಂದಿನಂತೆ ಅವಳು ಚಹಾ ತರುತ್ತಾಳೆಂದು ಕಾಯುತ್ತ ಕೂತಿದ್ದೇನೆಂಬುದು ಆಗ ಹೊಳೆಯಿತು. ಎದ್ದು ಒಳಗೆ ಹೋದೆ. ಒಂದೂವರೆ ವರ್ಷದಿಂದ ಬಂದು ಹೋಗುವ ಮನೆ, ಯಾವ ಡಬ್ಬಿಯಲ್ಲಿ ಏನಿದೆ ಎಂಬುದು ಮಾತ್ರ ತಿಳಿಯದು. ಒಂದೊಂದೇ ಮುಚ್ಚಳ ತೆಗೆದು ಮೂಸಿ ನೋಡಿದೆ. ಹೊರಗಿನಿಂದ ಸಹಾಯ ಬರಲಿಲ್ಲ. ಪುಟ ತಿರುವುವ ಸದ್ದಷ್ಟೇ ಬರುತ್ತಿತ್ತು.

ಕೊನೆಗೆ ಎರಡು ಬಟ್ಟಲು ಹಿಡಿದು ಹೊರಗೆ ಬಂದೆ. ಮೌಶಿ ಒಂದು ಗುಟುಕು ಕುಡಿದಳು, ಯೋಚಿಸಿದಳು. ಮೂವತ್ತು ವರ್ಷದಿಂದ ಅಭಿಪ್ರಾಯ ಹೇಳುತ್ತ ಬಂದ ನಾನು ಅಭಿಪ್ರಾಯಕ್ಕಾಗಿ ಬಾಗಿಲಲ್ಲಿ ಕಾದು ನಿಂತೆ.

"ಸಕ್ಕರಿ ಭಾಳಾತು," ಎಂದಳು. ಮತ್ತೊಂದು ಗುಟುಕು ಕುಡಿದು, ನಾನು ಎದ್ದುಹೋದ ಪಕ್ಕದ ಕುರ್ಚಿಯ ಮೇಲೆ ಇಟ್ಟಿದ್ದ ಪುಸ್ತಕವನ್ನು ತೆಗೆದು ನನಗೆ ಜಾಗ ಮಾಡಿಕೊಟ್ಟಳು. "ಆದ್ರ ನಿನ್ನ ಕೈಲೆ ಮೊದಲನೇ ಸಲ. ಕೂಡು."