ಹನ್ನೊಂದು ಜಾಯಿಂಟು

ಹೋದ ವಾರ ತಂಗಿಯ ಮಗಳು ಮನೆಗೆ ಬಂದಿದ್ದಳು. ಜಗಲಿ ಕಟ್ಟೆಯ ಮೇಲೆ ಕೂತು, ಹತ್ತಿಗೆ ಅದೇನೋ ನೀರು ಹಾಕಿಕೊಂಡು ಉಗುರಿನ ಬಣ್ಣ ಒರೆಸಿಕೊಳ್ತಾ ಇದ್ದಳು. ಕಾಫಿ ಲೋಟ ಹಿಡಿದು ಆ ಕಡೆ ಹೊರಟ ನಾನು ಅಲ್ಲೇ ನಿಂತುಬಿಟ್ಟೆ. ಅಸಿಟೋನ್ ವಾಸನೆ! "ಏನು ಮಾಮ, ತಲೆ ತಿರುಗ್ತಾ?" ಅಂದಳು. ಇಲ್ಲ ಮಾರಾಯ್ತಿ ಅಂದೆ. ತಲೆ ತಿರುಗಿದ್ದಲ್ಲ, ಕಳಸದ ಆ ತಗಡಿನ ಶೆಡ್ಡು ಕಣ್ಣೆದುರು ಬಂದು ನಿಂತಿತ್ತು. ಅಲ್ಲಿ ಸ್ಟೀಲ್ ಪೈಪನ್ನು ವೆಲ್ಡಿಂಗಿಗೆ ಹಿಡಿಯುವ ಮೊದಲು ಇದೇ ನೀರಲ್ಲಿ ಒರೆಸಬೇಕಿತ್ತು. ಒರೆಸಿದ ಮೇಲೆ ಅಪ್ಪಿತಪ್ಪಿ ಬೆರಳು ತಾಗಿಸಿದರೆ ಮತ್ತೆ ಮೊದಲಿಂದ ಒರೆಸಬೇಕು. ನಾನು ಪ್ರತಿ ಸಲ ತಾಗಿಸುತ್ತಿದ್ದೆ.

ಶೆಡ್ಡಿನ ಯಜಮಾನರನ್ನು ಊರಿಗೆ ಊರೇ ಫಿಟ್ಟರ್ರು ಅಂತ ಕರೀತಿತ್ತು. ಗುಡ್ಡದ ಆಚೆ ಗಣಿ ನಡೀತಿದ್ದ ಕಾಲದಲ್ಲಿ ಅಲ್ಲಿ ಪೈಪ್ ಜೋಡಿಸುವ ಕೆಲಸದಲ್ಲಿದ್ದವರು. ಗಣಿ ಮುಚ್ಚಿದಾಗ ಜೊತೆಯವರೆಲ್ಲ ಗಂಟುಮೂಟೆ ಕಟ್ಟಿದರು. ಇವರಿಗೆ ಮಾತ್ರ ಈ ಚಳಿ, ಈ ಜಿಗಣೆ ಅಭ್ಯಾಸ ಆಗಿಹೋಗಿತ್ತೋ ಏನೋ, ಇಲ್ಲೇ ಉಳಿದರು. ಎಸ್ಟೇಟಿನಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ರಿಪೇರಿ, ಸ್ಟೀಲ್ ರೇಲಿಂಗು, ಹೋಟೆಲಿನವರ ಇಡ್ಲಿ ಸ್ಟೀಮರು, ಹೀಗೆ ಬದುಕು. ತೆಳ್ಳಗಿನ ಮನುಷ್ಯ, ಮಾತು ಇನ್ನೂ ತೆಳ್ಳಗೆ.

ನಾನೋ, ಸಂಸೆಯಲ್ಲಿ ಒಂದಿಷ್ಟು ಕಾಫಿ, ಒಂದಿಷ್ಟು ಅಡಿಕೆ ಇಟ್ಟುಕೊಂಡು ಕೈ ಸುಮ್ಮನಿರಿಸಲಾಗದ ಆಸಾಮಿ. ನಮ್ಮನೆಗೆ ಗುಡ್ಡದ ಮೇಲಿಂದ ಧುಮುಕುವ ಅಬ್ಬಿಯ ನೀರು ಬರುತ್ತೆ. ಹಿತ್ತಲಿನ ಟ್ಯಾಂಕಿನಿಂದ ಅಡುಗೆಮನೆಗೆ ಎಳೆದಿದ್ದ ಕಪ್ಪು ಪೈಪನ್ನು ಮಂಗಗಳು ಕಚ್ಚಿ ಕಚ್ಚಿ ಜರಡಿ ಮಾಡಿದ್ದವು. ಒಂದು ದಿನ ಮೈಗೆಲ್ಲ ಸೋಪು ಹಚ್ಚಿಕೊಂಡಿದ್ದಾಗ ನೀರು ನಿಂತಿತು ನೋಡಿ, ಸಿಟ್ಟು ನೆತ್ತಿಗೇರಿತು. ಸ್ಟೀಲ್ ಪೈಪೇ ಹಾಕ್ತೀನಿ, ಬೇರೆ ಯಾರೂ ಬೇಡ, ವೆಲ್ಡಿಂಗ್ ನಾನೇ ಕಲಿತು ಮಾಡ್ತೀನಿ ಅಂತ ಬಚ್ಚಲಿನಿಂದಲೇ ಘೋಷಣೆ ಮಾಡಿದೆ. "ಮೊದ್ಲು ಮೈ ತೊಳ್ಕೊಳ್ಳಿ" ಅಂದಳು ಹೆಂಡತಿ. ಆದರೂ ಹಟ ಬಿಡಲಿಲ್ಲ. ಹಳೇ ಟಿಗ್ ವೆಲ್ಡಿಂಗ್ ಮೆಷಿನ್ ಒಂದನ್ನು ಚಿಕ್ಕಮಗಳೂರಿನಿಂದ ತಂದು, ಭಾನುವಾರ ಭಾನುವಾರ ಕಳಸದ ಬಸ್ಸು ಹತ್ತೋದಕ್ಕೆ ಶುರು ಮಾಡಿದೆ.

ಟಿಗ್ ವೆಲ್ಡಿಂಗ್ ಅಂದರೆ ಮೈಯೆಲ್ಲ ಕೆಲಸ. ಬಲಗೈಲಿ ಕಿಡಿ ಹೊತ್ತಿಸುವ ಟಾರ್ಚು, ಎಡಗೈಲಿ ಸಣ್ಣ ಸ್ಟೀಲ್ ಕಡ್ಡಿ, ಕಾಲಡಿ ಪೆಡಲು, ಮುಖಕ್ಕೆ ಮಾಸ್ಕು. ಟಾರ್ಚಿನ ತುದಿಯ ಸೂಜಿ ಕರಗಿದ ಲೋಹಕ್ಕೆ ಒಂದು ಕೂದಲೆಳೆ ತಾಗಿದರೂ ಕೆಟ್ಟಿತು, ಅದನ್ನು ಬಿಚ್ಚಿ ಉಜ್ಜಿ ಮತ್ತೆ ಚೂಪು ಮಾಡಬೇಕು. ಮೊದಲ ಭಾನುವಾರ ನಾನು ವೆಲ್ಡಿಂಗ್ ಮಾಡಿದ್ದು ಕಡಿಮೆ, ಸೂಜಿ ಉಜ್ಜಿದ್ದೇ ಹೆಚ್ಚು. ಸೆಕೆ ಅಂತ ಫ್ಯಾನ್ ಹಾಕಿಕೊಂಡೆ, ಟಾರ್ಚಿನಿಂದ ಹೊರಟು ಬೆಸುಗೆ ಸುಡದ ಹಾಗೆ ಕಾಯುವ ಆರ್ಗಾನ್ ಗ್ಯಾಸೆಲ್ಲ ಗಾಳಿಗೆ ಹಾರಿಹೋಗಿ ಪೈಪು ಕರ್ರಗೆ ಇದ್ದಿಲಾಯ್ತು. ಫಿಟ್ಟರ್ರು ಬೈಯಲಿಲ್ಲ, ಎದ್ದು ಹೋಗಿ ಫ್ಯಾನಿನ ಸ್ವಿಚ್ಚು ಆರಿಸಿ ಬಂದು ಕೂತರು.

ಕಿಡಿ ಆರಿದ ಕೂಡಲೇ ನಾನು ಟಾರ್ಚು ಎತ್ತಿಬಿಡ್ತಿದ್ದೆ. ಅದೂ ತಪ್ಪು. ಬಿಸಿ ಆರುವ ತನಕ ಗ್ಯಾಸು ಅಲ್ಲೇ ಹರಿಯುತ್ತಿರಬೇಕು. ಎಷ್ಟು ಹೇಳಿದರೂ ಈ ಕೈಗೆ ಬುದ್ಧಿ ಬರಲಿಲ್ಲ. ಕೊನೆಗೆ ಅವರು, "ನಿಮ್ಮನೆಯಿಂದ ನೆಂಟರು ಹೊರಟ್ರೆ ತಕ್ಷಣ ಬಾಗ್ಲು ಹಾಕ್ಕೊಳ್ತೀರಾ ಮಾರಾಯ್ರೆ? ಜೀಪು ತಿರುವು ದಾಟೋ ತನಕ ಗೇಟಿನ ಹತ್ರ ನಿಲ್ತೀರೋ ಇಲ್ವೋ?" ಅಂದರು. ಅವತ್ತಿನಿಂದ ಆ ತಪ್ಪು ಆಗಲಿಲ್ಲ.

ಆದರೆ ಅವರ ನಿಜವಾದ ಪರೀಕ್ಷೆ ಹೊರಗಿನದ್ದಲ್ಲ, ಒಳಗಿನದ್ದು. ಸ್ಟೀಲ್ ಪೈಪು ಬೆಸೆಯುವಾಗ ಒಳಗೂ ಗ್ಯಾಸು ತುಂಬಿಸಿರಬೇಕು. ತುಂಬಿಸದಿದ್ದರೆ ಹೊರಗೆ ಬೆಳ್ಳಿ ಹಾಗೆ ಕಂಡರೂ ಒಳಗೆ ಸುಟ್ಟು, ತಳ ಹಿಡಿದ ಬೆಲ್ಲದ ಪಾಕದ ಹಾಗೆ ಗುಳ್ಳೆ ಏಳುತ್ತೆ. ಅದರಲ್ಲಿ ಕೊಳೆ ಕೂರುತ್ತೆ, ತುಕ್ಕು ಹಿಡಿಯುತ್ತೆ, ಕುಡಿಯುವ ನೀರಿಗೆ ಆಗದು. ಹಾಗಾಗಿ ನಾನು ಬೆಸೆದ ಪ್ರತಿ ಜಾಯಿಂಟನ್ನೂ ಅವರು ಗರಗಸದಲ್ಲಿ ಉದ್ದುದ್ದಕ್ಕೆ ಸೀಳಿ ಒಳಗೆ ನೋಡುತ್ತಿದ್ದರು. ನೋಡಿ, ಮೂಲೆಯ ಡಬ್ಬಕ್ಕೆ ಎಸೆಯುತ್ತಿದ್ದರು. ಆರು ತಿಂಗಳು... ಒಂದೇ ಒಂದು ತುಂಡು ಮನೆಗೆ ತರೋದಕ್ಕೆ ಸಿಗಲಿಲ್ಲ ನನಗೆ. ಕಳಸದ ಸುತ್ತಿನ ತೋಟದವರೆಲ್ಲ ಅವರನ್ನು ನಂಬಿದ್ದೂ ಇದಕ್ಕೇ. ನೋಡದೆ ನೋಡಿದ್ದೇನೆ ಅಂತ ಆ ಬಾಯಿಂದ ಯಾವತ್ತೂ ಬಂದಿದ್ದಿಲ್ಲ. ಅವರಿಗಿದ್ದ ಆಸ್ತಿ ಅದೊಂದೇ.

ಆ ವರ್ಷ ತಂಗಿಯ ಮಗಳ ನಿಶ್ಚಿತಾರ್ಥ ನಮ್ಮನೆಯಲ್ಲೇ ಅಂತಾಯ್ತು. ನನಗೆ ನೆಂಟರ ಎದುರು ಹೊಸ ಪೈಪು ತೋರಿಸುವ ಚಪಲ. ಅದೇ ಹೊತ್ತಿಗೆ ಫಿಟ್ಟರ್ರು ಕಣ್ಣಿನ ಆಪರೇಷನ್ನಿಗೆ ಅಂತ ಮಂಗಳೂರಿಗೆ ಹೊರಟರು. "ನಾನು ಬರೋ ತನಕ ಪೈಪ್ ಲೈನಿಗೆ ಕೈ ಹಾಕ್ಬೇಡಿ" ಅಂದಿದ್ದರು. ನಾನು ಆಯ್ತು ಆಯ್ತು ಅಂದವನು, ಅವರು ಬಸ್ಸು ಹತ್ತಿದ ಮರುದಿನವೇ ಶುರು ಮಾಡಿದೆ. ಹನ್ನೊಂದು ಜಾಯಿಂಟು. ನನ್ನ ಸಿಲಿಂಡರಿನಲ್ಲಿ ಉಳಿದಿದ್ದ ಗ್ಯಾಸು ಹೊರಗಿನ ಕೆಲಸಕ್ಕೇ ಸಾಲದು ಅನ್ನುವಷ್ಟಿತ್ತು. ಅವರ ಶೆಡ್ಡಿಗೆ ಬೀಗ. ಒಳಗೆ ಯಾರು ನೋಡ್ತಾರೆ ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ, ಈಗ ಮುಚ್ಚಿಡೋದು ಯಾಕೆ? ಒಳಗೆ ಗ್ಯಾಸು ತುಂಬಿಸದೆ ಹನ್ನೊಂದನ್ನೂ ಮುಗಿಸಿದೆ. ಹೊರಗಿನಿಂದ ನೋಡಿದರೆ, ಅಬ್ಬಾ, ನನಗೇ ದೃಷ್ಟಿ ತೆಗೀಬೇಕು ಅನ್ನಿಸುವ ಹಾಗಿತ್ತು.

ನಿಶ್ಚಿತಾರ್ಥಕ್ಕೆ ಫಿಟ್ಟರ್ರೂ ಬಂದರು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು. ಊಟ ಆದ ಮೇಲೆ ಅತ್ತಿಗುಂಡಿಯ ನಮ್ಮ ಭಾವ ಹಿತ್ತಲಿಗೆ ಬಂದು ಪೈಪಿನ ಮೇಲೆ ಕೈಯಾಡಿಸಿದರು. ಭಾವ ಹೋಂಸ್ಟೇ ನಡೆಸುವವರು, ದೊಡ್ಡ ಗಂಟಲು, ಅವರು ಮಾತಾಡಿದರೆ ಹತ್ತು ಜನ ಸೇರುತ್ತಾರೆ. ಯಾರು ಮಾಡಿದ್ದು ಅಂದರು. ನಾನೇ ಅಂದೆ. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಆಗ್ತಿತ್ತು. "ನಮ್ಮ ಫಿಟ್ಟರ್ರು ಒಂದೊಂದೂ ಜಾಯಿಂಟ್ ನೋಡಿ ಪಾಸ್ ಮಾಡಿದ್ದಾರೆ" ಅಂತ ಸೇರಿಸಿದೆ. ತಿರುಗಿ ನೋಡಿದರೆ ಅವರು ಹಿಂದೆಯೇ ನಿಂತಿದ್ದಾರೆ, ಕೈಲಿ ಎಲೆ ಅಡಿಕೆ.

"ಹೌದಾ ಫಿಟ್ಟರ್ರೇ? ಹಾಗಾದ್ರೆ ಕಣ್ಮುಚ್ಚಿ ಕುಡೀಬಹುದು ಅನ್ನಿ" ಅಂದರು ಭಾವ. ಎಲ್ಲರೂ ಫಿಟ್ಟರ್ರ ಮುಖವನ್ನೇ ನೋಡುತ್ತಿದ್ದರು. ಆ ಕಪ್ಪು ಕನ್ನಡಕದ ಹಿಂದೆ ಏನಿತ್ತೋ ನನಗೆ ಕಾಣಲಿಲ್ಲ. ಕೈಲಿದ್ದ ಎಲೆ ಮಡಚಿಕೊಳ್ಳುತ್ತಾ, "ಹೂಂ, ನೋಡಿದ್ದೇನೆ" ಅಂದರು. ಆಮೇಲೆ ಯಾರಿಗೂ ಹೇಳದೆ ಹೊರಟುಹೋದರು. ಸಂಜೆಯೊಳಗೆ ಊರೆಲ್ಲ ಸುದ್ದಿಯಾಯ್ತು, ಮೊದಲ ಸಲಕ್ಕೇ ಹನ್ನೊಂದೂ ಪಾಸಂತೆ ಅಂತ.

ಮರುದಿನ ನಾವು ದೋಸೆಗೆ ಕೂತಿದ್ದೆವು. ಗೇಟಿನಲ್ಲಿ ಪಿಕಪ್ ಜೀಪು ನಿಂತಿತು. ಫಿಟ್ಟರ್ರು ತಮ್ಮ ಶೆಡ್ಡಿನ ಸಿಲಿಂಡರು, ಗರಗಸ ಎರಡನ್ನೂ ಇಳಿಸಿಕೊಂಡರು. ದೋಸೆ ಬೇಡ ಅಂದರು.

"ನಿಮ್ಮ ಮರ್ಯಾದೆ ನೋಡಿ ಒಂದು ಸುಳ್ಳು ಹೇಳ್ಬಿಟ್ಟೆ. ನಂಗೆ ಅಭ್ಯಾಸ ಇಲ್ಲ. ಅದನ್ನ ನಿಜ ಮಾಡ್ಬೇಕು, ಬನ್ನಿ" ಅಂದರು.

ಹನ್ನೊಂದನ್ನೂ ಕತ್ತರಿಸಿದೆವು. ಒಂದೊಂದನ್ನೂ ಸೀಳಿ ನನ್ನ ಕೈಗೆ ಕೊಟ್ಟರು. ಒಳಗೆಲ್ಲ ಕಪ್ಪು, ಗುಳ್ಳೆ. ನಿನ್ನೆ ಅಷ್ಟು ಜನ ನೆಂಟರು, ಮಕ್ಕಳು ಅದೇ ನೀರು ಕುಡಿದಿದ್ದರು. ನಾಚಿಕೆಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಿಡಿ ನೋಡಬಾರದು ಅಂತ ಡಾಕ್ಟರು ಅವರಿಗೆ ತಾಕೀತು ಮಾಡಿದ್ದರು. ಹಾಗಾಗಿ ನಾನು ಬೆಸೆಯುವಾಗ ಬೆನ್ನು ತಿರುಗಿಸಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಶಬ್ದ ಕೇಳುತ್ತಿದ್ದರು. "ಕೈ ಓಡ್ತಾ ಉಂಟು", "ಈಗ ಸರಿ", ಅಷ್ಟೇ ಮಾತು. ಮುಗಿದ ಮೇಲೆ ನಾನು ಪೈಪಿನ ಆ ತುದಿಗೆ ಬ್ಯಾಟರಿ ಲೈಟು ಹಿಡಿಯೋದು, ಈ ತುದಿಯಿಂದ ಅವರು ಆ ನೀರು ಸುರಿಯುವ ಹೊಸ ಕಣ್ಣಿಟ್ಟು ನೋಡೋದು. ಮೂರನ್ನು ಮತ್ತೆ ಕತ್ತರಿಸೋದಕ್ಕೆ ಹೇಳಿದರು. ಕತ್ತರಿಸಿ ಕತ್ತರಿಸಿ ಪೈಪೇ ಗಿಡ್ಡವಾಗಿ, ಟ್ಯಾಂಕಿನ ಹತ್ತಿರ ಒಂದು ಗೇಣು ತುಂಡು ಸೇರಿಸಬೇಕಾಯ್ತು. ಎರಡು ದಿನ ಹಿಡಿಯಿತು. ಕೊನೆಯದ್ದನ್ನು ನೋಡಿ ಎದ್ದವರು, ಕೈ ತೊಳೆದು, ಅದೇ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಕುಡಿದರು. ನಾನು ಕ್ಷಮೆ ಕೇಳಬೇಕಿತ್ತು. ನಾಳೆ ಕೇಳಿದರಾಯ್ತು, ಭಾನುವಾರ ಕೇಳಿದರಾಯ್ತು... ಆಮೇಲೂ ಎಷ್ಟೋ ಭಾನುವಾರ ಹೋದೆ. ಅವರು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು.

ಮೊನ್ನೆ ಅವರ ಹೆಂಡತಿ ಫೋನ್ ಮಾಡಿದರು, ಶೆಡ್ಡು ಖಾಲಿ ಮಾಡ್ತಾ ಇದ್ದೇನೆ, ಬಂದು ಹೋಗಿ ಅಂತ. ಹೋದೆ. ಅವರ ಮೆಷಿನನ್ನು ಒರೆಸಿ ಬಾಗಿಲ ಹತ್ತಿರ ಇಟ್ಟಿದ್ದರು. "ಇದು ನಿಮಗೇ ಸೇರ್ಬೇಕು. ಮೊದಲ ಸಲಕ್ಕೇ ಹನ್ನೊಂದೂ ಪಾಸಾದವ್ರು ನೀವೊಬ್ರೇ ಅಲ್ವಾ? ಅವತ್ತು ರಾತ್ರಿ ಹೌದಾ ಅಂತ ನಾನು ಕೇಳಿದ್ದಕ್ಕೆ ಅವ್ರೂ ಹೂಂ ಅಂದಿದ್ರು" ಅಂದರು.

ಎತ್ತೋದಕ್ಕೆ ಬಗ್ಗಿದವನು ಹಾಗೇ ಕೈ ಬಿಟ್ಟೆ. ಆಗಲಿಲ್ಲ ನನ್ನಿಂದ. ಅಲ್ಲೇ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ, ಗ್ಯಾಸು ಇಲ್ಲದೆ ಬೆಸೆದದ್ದು, ಹತ್ತು ಜನರೆದುರು ನಾನು ಕೊಚ್ಚಿಕೊಂಡದ್ದು, ಅವರು ಗರಗಸ ಹಿಡಿದು ಬಂದದ್ದು. ಆಕೆ ಒರೆಸುವ ಬಟ್ಟೆಯನ್ನು ಮಡಚಿ ಮೆಷಿನಿನ ಮೇಲಿಟ್ಟರು. ಆಮೇಲೆ ಮೆಲ್ಲಗೆ, "ಹಾಗಾದ್ರೆ ನನ್ಹತ್ರ ಸುಳ್ಳು ಹೇಳಿದ್ರಾ ಅವ್ರು?" ಅಂದರು.

ಛೇ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನನ್ನ ಭಾರ ಇಳಿಸಿಕೊಳ್ಳುವ ಅವಸರದಲ್ಲಿ ಹೋದ ಮನುಷ್ಯನ ಮೇಲೆ ಹೊರಿಸಿಬಿಟ್ಟೆನಲ್ಲ. "ಎರಡೇ ದಿನದ ಸುಳ್ಳು ಅಕ್ಕ. ಆಮೇಲೆ ನಿಜ ಮಾಡಿದ್ರು" ಅಂದೆ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ.

"ನಿಮ್ಮನೆ ನಿಶ್ಚಿತಾರ್ಥದಿಂದ ಬಂದೋರು ಅವತ್ತು ರಾತ್ರಿ ಅನ್ನವೇ ಮುಟ್ಟಲಿಲ್ಲ. ನೀವೆಲ್ಲ ಸೇರಿ ಜಾಸ್ತಿ ಬಡಿಸಿದ್ರೇನೋ, ಹೊಟ್ಟೆ ಕೆಟ್ಟಿದೆ ಅಂತ ನಾನು ಓಮದ ಕಷಾಯ ಮಾಡಿ ಕೊಟ್ಟೆ" ಅಂದರು. "ಕುಡಿದ್ರು. ಹೊಟ್ಟೆಗೇನೂ ಆಗಿಲ್ಲ ಅಂತ ಹೇಳ್ಲಿಲ್ಲ, ಲೋಟ ಪೂರ್ತಿ ಕುಡಿದ್ರು."