ತಾತನ ಸ್ಟೀರಿಯೊ ವರ್ಷಗಳು

ನಾನು ಹುಟ್ಟುವುದಕ್ಕೆ ಮೊದಲೇ ಸತ್ತುಹೋಗಿದ್ದ ಒಬ್ಬ ಮುದುಕನನ್ನು, ಇವನಿಗೆ ಇನ್ನೂ ಸ್ವಲ್ಪ ಬೇಗ ಸಾಯೋಕೆ ಏನಾಗಿತ್ತು ಎಂದು ದಿನಾ ಬೈದುಕೊಳ್ಳುತ್ತಿದ್ದ ಕಾಲವೊಂದಿತ್ತು. ಆತ ಯುರೋಪಿನ ದೊಡ್ಡ ಹೆಸರು. ಯಾವ ವಾದ್ಯವನ್ನೂ ನುಡಿಸುತ್ತಿರಲಿಲ್ಲ. ನೂರು ಜನ ವಾದ್ಯದವರ ಮುಂದೆ ನಿಂತು, ಕೈಯಲ್ಲೊಂದು ಸಣ್ಣ ಕಡ್ಡಿ ಹಿಡಿದು ಅವರೆಲ್ಲರನ್ನೂ ನಡೆಸುತ್ತಿದ್ದ. ಅಂಥವರನ್ನು ಕಂಡಕ್ಟರ್ ಅನ್ನುತ್ತಾರೆ. ಮನೆಯಲ್ಲಿ ಹಾಗಂತ ಹೇಳಿದಾಗ ಅಪ್ಪ, "ಯಾವ ರೂಟು?" ಎಂದು ಕೇಳಿ ತಾನೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ನನ್ನ ಕೆಲಸ ಆ ಮುದುಕನ ಹಳೆಯ ರೆಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಶುಚಿ ಮಾಡುವುದು. ಎರಡು ಸಾವಿರದ ಇಸವಿ ಕಳೆದ ಹೊಸತು. ಇಂದಿರಾನಗರದ ಒಂದು ಮನೆಯ ಮಹಡಿಯಲ್ಲಿ ಆಫೀಸಿತ್ತು. ಹೊರದೇಶದ ಕಂಪನಿಯೊಂದು ಆತನ ಜೀವಮಾನದ ರೆಕಾರ್ಡಿಂಗುಗಳನ್ನೆಲ್ಲ ವರ್ಷವಾರು ಡಬ್ಬ ಮಾಡಿ ಕಳಿಸುತ್ತಿತ್ತು. ತಟ್ಟೆಯ ಮೇಲಿನ ಗೀರು, ಚಟಪಟ, ಕರಕರ ಎಲ್ಲವನ್ನೂ ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆಯಬೇಕು. ಕಛೇರಿ ಕೇಳಲು ಬಂದ ಜನ ಕೆಮ್ಮಿದ್ದನ್ನು ಮಾತ್ರ ತೆಗೆಯುವಂತಿಲ್ಲ. ಮಧ್ಯೆ ಮಧ್ಯೆ ಆ ಮುದುಕ ಗೊಣಗುತ್ತಿದ್ದ, ಕಾಲು ಕುಟ್ಟುತ್ತಿದ್ದ; ಅದನ್ನೂ ಮುಟ್ಟುವಂತಿಲ್ಲ. ಆ ಗೊಣಗಾಟ ಕೇಳಿ ಕೇಳಿ ನಾವು ಅವನಿಗೆ ತಾತ ಎಂದು ಹೆಸರಿಟ್ಟೆವು.

ನಾನು ಕೂರುತ್ತಿದ್ದ ಕೋಣೆಗೆ ಗೋಡೆ ತುಂಬಾ ಕಪ್ಪು ಸ್ಪಂಜು ಅಂಟಿಸಿದ್ದರು. ಕಿಟಕಿಗೆ ಪ್ಲೈವುಡ್ ಹೊಡೆದಿದ್ದರು. ಬಾಗಿಲು ಹಾಕಿಕೊಂಡರೆ ಹೊರಗೆ ಮಳೆಯೋ ಬಿಸಿಲೋ, ಯಾರಾದರೂ ಬದುಕಿದ್ದಾರೋ ಇಲ್ಲವೋ ಒಂದೂ ತಿಳಿಯುತ್ತಿರಲಿಲ್ಲ. ಮೊದಲ ವಾರ ಉಸಿರು ಕಟ್ಟಿ ಸತ್ತೇ ಹೋಗುತ್ತೇನೆ ಅನ್ನಿಸಿತು. ಆದರೂ ಸಂಜೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಳಿದು ಮನೆಯ ಕಡೆ ಹೊರಟರೆ, ಆ ಕೋಣೆಯೇ ವಾಸಿ ಅನ್ನಿಸುತ್ತಿತ್ತು.

ಯಾಕೆಂದರೆ ಮನೆಯಲ್ಲಿ ನನಗೆ ಗಂಡು ಹುಡುಕುತ್ತಿದ್ದರು. ನಮ್ಮದು ಕೆ.ಆರ್. ಪುರದ ಹಳೇ ಊರಿನವರ ಮನೆ. ಅಜ್ಜನ ಕಾಲದಲ್ಲಿ ರಾಗಿ ಬೆಳೆದ ಜಾಗದಲ್ಲಿ ಅಪ್ಪ ಸಾಲಾಗಿ ಬಾಡಿಗೆ ಮನೆ ಕಟ್ಟಿಸಿದ್ದ. ಅದರ ತುದಿಯ ಮನೆಯಲ್ಲಿ ನಾವು. ಡಿಗ್ರಿ ಮುಗಿದ ದಿನದಿಂದಲೇ ನೆಂಟರು ಶುರು ಹಚ್ಚಿಕೊಂಡರು. ಕೆಲಸ ಇದೆ ಎಂಬ ಒಂದು ನೆಪವನ್ನು ಅಡ್ಡ ಇಟ್ಟುಕೊಂಡು ನಾನು ದಿನ ದೂಡುತ್ತಿದ್ದೆ. ಕೆಲಸ ಹೋದರೆ ಮಾರನೇ ದಿನವೇ ಹಸೆಮಣೆ, ಅದರಲ್ಲಿ ಅನುಮಾನವೇ ಇರಲಿಲ್ಲ.

ಆ ಕೆಲಸವೋ, ಹೋಗಿಯೇ ತೀರುವ ಕೆಲಸ. ನನ್ನ ಎಡಗಿವಿ ಕೇಳುವುದಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಮಂಗನಬಾವು ಬಂದಿತ್ತು. ಬಾವು ಇಳಿಯಿತು, ಆ ಕಿವಿ ವಾಪಸ್ಸು ಬರಲಿಲ್ಲ. ಶಿವಾಜಿನಗರದ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಇದಕ್ಕೆ ಮದ್ದಿಲ್ಲ, ಇನ್ನೊಂದನ್ನು ಜೋಪಾನ ಮಾಡಿ ಅಂದರು. ಬಸ್ ಸ್ಟ್ಯಾಂಡಿನಲ್ಲಿ ಅಮ್ಮ ನನ್ನ ಕೈಯನ್ನು ತನ್ನ ತಾಳಿಯ ಮೇಲೆ ಇರಿಸಿಕೊಂಡು, "ಯಾರ್ಗೂ ಹೇಳ್ಕೂಡ್ದು. ನಿಮ್ಮಪ್ಪಂಗೂನೂವೆ. ಆವಯ್ಯನ ಬಾಯಲ್ಲಿ ಮಾತ್ ನಿಲ್ಲಲ್ಲ, ನಾಳೆ ಊರಿಗೆಲ್ಲ ತಮಟೆ ಹೊಡ್ದಂಗಾಯ್ತದೆ" ಅಂದಳು. ಅವತ್ತಿನಿಂದ ಬಾಯಿಗೆ ಬೀಗ. ಎಡಗಡೆಯಿಂದ ಕರೆದವರಿಗೆ ಉತ್ತರ ಕೊಡದೆ ಕೊಬ್ಬಿನ ಹುಡುಗಿ ಅನ್ನಿಸಿಕೊಂಡೆ. ಅನ್ನಿಸಿಕೊಂಡರೂ ಪರವಾಗಿಲ್ಲ, ಕಿವುಡಿ ಅನ್ನಿಸಿಕೊಳ್ಳಬಾರದು ಎಂಬುದು ಅಮ್ಮನ ಕಾನೂನು.

ಕಿವಿಯ ಕೆಲಸಕ್ಕೆ ಕಿವುಡಿ ಹೇಗೆ ಸೇರಿದಳು ಎಂದು ನೀವು ಕೇಳಬಹುದು. ಸೇರಿಸಿದವನೂ ತಾತನೇ. ಅವನ ಹಳೆಯ ರೆಕಾರ್ಡುಗಳೆಲ್ಲ ಮೋನೊ, ಅಂದರೆ ಎರಡು ಕಿವಿಗೂ ಬರುವುದು ಒಂದೇ ಸದ್ದು. ನೂರು ಜನ ಒಂದೇ ಬಾಗಿಲಲ್ಲಿ ನುಗ್ಗಿಕೊಂಡು ಬಂದ ಹಾಗೆ ಇಡೀ ಆರ್ಕೆಸ್ಟ್ರಾ ಒಂದು ಕಿಂಡಿಯಿಂದ ಬರುತ್ತದೆ. ಅದಕ್ಕೆ ಒಂದು ಕಿವಿ ಧಾರಾಳವಾಯಿತು. ಕೆಲಸಕ್ಕೆ ತೆಗೆದುಕೊಳ್ಳುವಾಗ ಒಂದು ತುಣುಕು ಹಾಕಿ, ಎಲ್ಲೆಲ್ಲಿ ಚಟ್ ಅನ್ನುತ್ತದೆ ಹೇಳು ಅಂದರು. ಎರಡು ಕಿವಿ ಇದ್ದವರಿಗಿಂತ ನಾನೇ ಹೆಚ್ಚು ಹಿಡಿದೆ. ಒಂದೇ ಕಣ್ಣಿನವನು ದಾರಿ ನೋಡಿ ನಡೆಯುತ್ತಾನಲ್ಲ, ಹಾಗೆ.

ಆದರೆ ಡಬ್ಬಗಳು ವರ್ಷವಾರು ಬರುತ್ತಿದ್ದವು. ತಾತನ ಯೌವನ ಮುಗಿಯಿತು. ಯುದ್ಧದ ಕಾಲದ ಕಛೇರಿಗಳು ಮುಗಿದವು. ಅವನಿಗೆ ವಯಸ್ಸಾಗುತ್ತಾ ಹೋದಂತೆ ಗೊಣಗಾಟ ಹೆಚ್ಚಿತು, ಸಂಗೀತ ನಿಧಾನವಾಯಿತು, ನನ್ನ ಎದೆ ಮಾತ್ರ ಡವಡವ. ಎಡಗಿವಿಗೊಂದು ಬಲಗಿವಿಗೊಂದು ಸದ್ದು ಕೊಡುವ ಸ್ಟೀರಿಯೊ ಬರುವ ಕಾಲಕ್ಕೆ ಅವನು ಕಣ್ಣು ಮುಚ್ಚಿದ್ದಾನು ಎಂದುಕೊಂಡಿದ್ದೆ. ಪಟ್ಟಿ ತೆಗೆದು ನೋಡಿದರೆ, ಮಹಾನುಭಾವ ಕೈಯಲ್ಲಿ ಕಡ್ಡಿ ಹಿಡಿದುಕೊಂಡೇ ಇನ್ನೂ ಎಷ್ಟೋ ವರ್ಷ ಬದುಕಿದ್ದಾನೆ! ಗಟ್ಟಿ ಪಿಂಡ. ನನ್ನ ಹೊಟ್ಟೆ ಉರಿಸುವುದಕ್ಕೇ ಉಳಿದಿದ್ದ.

ಮೊದಲ ಸ್ಟೀರಿಯೊ ಡಬ್ಬ ಬಂದ ದಿನ ಬಾಗಿಲು ಭದ್ರ ಮಾಡಿಕೊಂಡು ಹಾಕಿದೆ. ಅದರಲ್ಲಿದ್ದ ಸಿಂಫನಿಯನ್ನು, ನಾಲ್ಕು ಭಾಗದ ದೊಡ್ಡ ಕೃತಿ ಅದು, ತಾತ ಮಧ್ಯವಯಸ್ಸಿನಲ್ಲಿ ಒಮ್ಮೆ ಮಾಡಿದ್ದನ್ನು ನಾನೇ ಶುಚಿ ಮಾಡಿದ್ದೆ, ಪೂರ್ತಿ ಬಾಯಿಪಾಠ. ಎರಡನೆಯ ಭಾಗದಲ್ಲಿ ಪಿಟೀಲುಗಳೆಲ್ಲ ಒಟ್ಟಿಗೆ ಮೇಲಕ್ಕೆ ಏಳುವ ಒಂದು ಜಾಗವಿದೆ. ನನಗೆ ಪ್ರಾಣದಂಥ ಜಾಗ. ಕಾದು ಕೂತೆ. ದಪ್ಪ ದನಿಯ ವಾದ್ಯಗಳು ಬಂದವು, ಕೊಳಲು ಬಂತು, ಜಾಗವೂ ಬಂತು. ಪಿಟೀಲುಗಳು ಬರಲಿಲ್ಲ. ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ಹಾಕಿಕೊಂಡು ನುಡಿಸಿದಂತೆ ಒಂದೆಳೆ ಮಾತ್ರ. ಅವರೆಲ್ಲ ಎಡಗಡೆ ಕೂತಿದ್ದರು.

ಅದುವರೆಗೆ ನನಗೆ ಏನು ಕಡಿಮೆ ಎಂಬುದೇ ಗೊತ್ತಿರಲಿಲ್ಲ, ಸತ್ಯವಾಗಿ. ಜಗತ್ತು ಇರುವುದೇ ಇಷ್ಟು ಎಂದುಕೊಂಡಿದ್ದೆ. ಆ ಸ್ಪಂಜಿನ ಗೋಡೆಗಳ ಮಧ್ಯೆ ಒಬ್ಬಳೇ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಆ ಕೋಣೆಯಲ್ಲಿ ಅತ್ತರೆ ಹೊರಗೆ ಯಾರಿಗೂ ಕೇಳಿಸುವುದಿಲ್ಲ, ಅದೊಂದು ಅನುಕೂಲ.

ಆಮೇಲೆ ಉಪಾಯ ಹುಡುಕಿಕೊಂಡೆ. ಒಂದು ಸಲ ನೆಟ್ಟಗೆ ಕೇಳುವುದು, ಇನ್ನೊಂದು ಸಲ ಹೆಡ್‌ಫೋನನ್ನು ತಿರುವುಮುರುವು ಹಾಕಿಕೊಂಡು ಎಡಗಡೆಯವರನ್ನು ಬಲಗಿವಿಗೆ ಕರೆಸಿಕೊಳ್ಳುವುದು. ಪ್ರತಿ ಕೆಲಸಕ್ಕೂ ಎರಡು ಪಟ್ಟು ಹೊತ್ತು. ಹೇಗೋ ನಡೆಯಿತು. ಆದರೆ ಒಂದು ದಿನ ನಮ್ಮ ಸೂಪರ್‌ವೈಸರ್ ತಮ್ಮ ಕಂಪ್ಯೂಟರ್ ಕೆಟ್ಟಿತೆಂದು ನನ್ನ ಕೋಣೆಗೇ ಬಂದು ಬೆನ್ನ ಹಿಂದೆ ಕೂತುಬಿಟ್ಟರು. ಅವರ ಎದುರಿಗೆ ಹೆಡ್‌ಫೋನ್ ತಿರುಗಿಸಿ ಹಾಕಿಕೊಳ್ಳುವುದು ಹೇಗೆ? ಅದೇ ಸಿಂಫನಿಯ ಕೊನೆಯ ಭಾಗವನ್ನು ಒಂದೇ ಸಲ ಕೇಳಿ, ಸಿಡಿಗೆ ತುಂಬಿ, ದೇವರ ಮೇಲೆ ಭಾರ ಹಾಕಿ ಕಂಪನಿಗೆ ಕಳಿಸಿಬಿಟ್ಟೆ. ದೇವರು ಭಾರ ಹೊರಲಿಲ್ಲ. ಸಿಡಿ ವಾಪಸ್ಸು ಬಂತು.

ಸೂಪರ್‌ವೈಸರ್ ಹಲಸೂರಿನ ಕಡೆಯವರು, ಮನೆಮಾತು ತಮಿಳು, ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಜೋರು ಮಾಡುವ ಮನುಷ್ಯರಲ್ಲ.

"ಏನಮ್ಮಾ ಇದು? ಲೆಫ್ಟಲ್ಲಿ ಗುಂಯ್ ಅಂತ ಇಷ್ಟ್ ದೊಡ್ಡ ಹಮ್ಮಿಂಗ್ ಸೌಂಡು! ಟ್ರಾನ್ಸ್‌ಫಾರ್ಮರ್ ಪಕ್ಕ ಕೂತಂಗಿದೆ. ಕೇಳ್ಸಲೇ ಇಲ್ವಾ?"

"ಇಲ್ಲ ಸಾರ್."

"ಇಲ್ಲ ಅಂದ್ರೆ?"

"ಆ ಕಿವಿ ಕೇಳ್ಸಲ್ಲ ಸಾರ್ ನಂಗೆ."

ಹೇಳಿಬಿಟ್ಟಿದ್ದೆ. ನನ್ನ ಬಾಯಿಂದ ಆ ಮಾತು ಹೊರಬಿದ್ದದ್ದು ಹುಟ್ಟಿದಮೇಲೆ ಅದೇ ಮೊದಲು. ಅವರು "ಅಯ್ಯೋ ಕಡವುಳೇ" ಎಂದು ತಮ್ಮ ಭಾಷೆಯಲ್ಲಿ ದೇವರನ್ನು ಕರೆದು, ಬರಬೇಕಾದ ಡಬ್ಬಗಳ ಪಟ್ಟಿ ತಿರುವಿಹಾಕಿದರು. ಆಮೇಲೆ, "ಮೋನೊ ಡಬ್ಬ ಇನ್ನ ಎರಡಿದೆ ಅಮ್ಮಾ, ಬೇರೆ ಕಂಡಕ್ಟರ್‌ದು. ಅದು ಮುಗಿಯೋತನಕ ನೀವೇ ಮಾಡಿ. ಆಮೇಲೆ ನನ್ನ ಕೈಲಿ ಏನಿಲ್ಲ" ಅಂದರು. ವಾಪಸ್ಸು ಬಂದ ಸಿಡಿಯನ್ನು ನನ್ನ ಕೈಗೇ ಕೊಟ್ಟು, "ಮನೇಲಿ ಯಾರ್ಗಾನ ಹೇಳಿದೀರಾ?" ಎಂದು ಕೇಳಿದರು. ನಾನು ಸಿಡಿಯನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸಿಗೆ ಹೊರಟೆ.

ಮನೆಗೆ ಬಂದು ಅಮ್ಮನಿಗೆ ಹೇಳಿದರೆ ಅವಳು ತಲೆ ಚಚ್ಚಿಕೊಂಡಳು. "ಯಾವನೋ ಹೊರಗಿನೋನ್ಗೆ ಹೇಳ್ಬಿಟ್ಟು ಬಂದ್ಯಾ? ನಿಂಗೇನ್ ಬುದ್ಧಿಗಿದ್ಧಿ ಐತಾ? ಭಾನುವಾರ ಗಂಡಿನ ಕಡೆಯೋರು ಬತ್ತಾವ್ರೆ ಕಣೇ!"

"ಅವರಿಗೆ ಹೇಳ್ಬಿಡೋಣ ಅಮ್ಮಾ."

"ಬಾಯ್ಮುಚ್ಚು. ಮದುವೆ ಆದ್ಮೇಲೆ ನಿಧಾನಕ್ಕೆ ಗೊತ್ತಾಯ್ತದೆ ಬಿಡು."

"ಗೊತ್ತಾದ್ಮೇಲೆ ಏನ್ ಮಾಡ್ತಾರೆ?"

"ಒಂದ್ ಮಗು ಆಗೋದ್ರೆ ಯಾರೂ ಏನೂ ಮಾಡಕಾಗಲ್ಲ." ಸ್ವಲ್ಪ ತಡೆದು, ತಾನೇ ಸಮಾಧಾನ ಹೇಳುವವಳಂತೆ, "ಒಂದು ಕಿವಿ ತಾನೇ? ಸಂಸಾರಕ್ಕೆ ಅರ್ಧ ಕೇಳಿದ್ರೆ ಸಾಕು. ಪೂರ್ತಿ ಕೇಳಿಸ್ಕೊಂಡೋರು ಯಾರು ಸುಖವಾಗವ್ರೆ?" ಅಂದಳು.

ಮೈ ಉರಿದುಹೋಯಿತು. ಇವಳು ನನ್ನನ್ನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಸಾಗಿಸುತ್ತಿದ್ದಾಳೆ, ಅಲ್ಲಿ ಸಾಯುವವರೆಗೆ ಎಡಗಡೆಯವರಿಗೆ ಸುಳ್ಳು ನಗು ನಗುತ್ತಾ ಇರಬೇಕು ಅನ್ನಿಸಿತು. ಆದರೆ ಅವಳೊಡನೆ ವಾದ ಮಾಡಿ ಗೆದ್ದವರಿಲ್ಲ, ಅಪ್ಪನೂ ಸೇರಿ.

ಶನಿವಾರ ಮಧ್ಯಾಹ್ನ ಅಮ್ಮ ಮೊರ ಮುಂದಿಟ್ಟುಕೊಂಡು, ಮಾರನೇ ದಿನದ ಅಡುಗೆಗೆ ಅವರೆಕಾಳು ಬಿಡಿಸುತ್ತಾ ಕೂತಿದ್ದಳು. ಅಪ್ಪ ಅಂಗಳದಲ್ಲಿ ಬಾಡಿಗೆಯವರ ಹತ್ತಿರ ನೀರಿನ ವಿಷಯಕ್ಕೆ ಜಗಳವಾಡುತ್ತಿದ್ದ. ನಾನು ತಮ್ಮನ ಸಿಡಿ ಪ್ಲೇಯರ್ ತಂದು, ವಾಪಸ್ಸು ಬಂದ ಆ ಸಿಡಿಯ ಎರಡನೆಯ ಭಾಗ ಹಚ್ಚಿ, ಮಾತಿಲ್ಲದೆ ಹೆಡ್‌ಫೋನನ್ನು ಅವಳ ತಲೆಗೆ ಹಾಕಿದೆ.

"ಬಿಡೇ, ಕೈ ಎಲ್ಲ ಸೊಗಡಾಗೈತೆ," ಅಂದಳು. ಆಮೇಲೆ, "ಮದುವೆ ಬ್ಯಾಂಡಿನಂಗೈತೆ." ಕಾಯಿ ಬಿಡಿಸುತ್ತಿದ್ದ ಬೆರಳು ನಿಧಾನವಾಯಿತು. ತಾತ ಒಮ್ಮೆ ಗೊಣಗಿರಬೇಕು, ಅವಳು ಬೆಚ್ಚಿ ನನ್ನ ಮುಖ ನೋಡಿದಳು. ಆ ಸಂಗೀತದ ತಲೆಬುಡ ಅವಳಿಗೆ ಗೊತ್ತಿರಲಿಲ್ಲ. ಆದರೂ ಪಿಟೀಲು ಏಳುವ ಜಾಗ ಬಂದಾಗ ಅವಳ ಕೊರಳು ತಾನಾಗಿಯೇ ಎಡಕ್ಕೆ ವಾಲಿತು. ಆಗ ನಾನು ಅವಳ ಎಡಗಿವಿಯ ಮೇಲಿನದನ್ನು ಎತ್ತಿ ಹಿಂದಕ್ಕೆ ಸರಿಸಿದೆ.

ಅಮ್ಮ ಗಕ್ಕನೆ ಎಡಭುಜದ ಕಡೆ ತಿರುಗಿ ನೋಡಿದಳು. ಅಲ್ಲಿ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

"ಅಯ್ಯೋ, ಈ ಕಡೆಯೋರೆಲ್ಲ ಎಲ್ಲೋದ್ರೇ?"

"ಎಲ್ಲೂ ಹೋಗಿಲ್ಲಮ್ಮ. ಅಲ್ಲೇ ನುಡಿಸ್ತಾವ್ರೆ. ನಂಗೆ ಕೇಳೋದೇ ಇಷ್ಟು."

ಅವಳು ತಾನೇ ಅದನ್ನು ಕಿವಿಗೆ ಒತ್ತಿಕೊಂಡಳು. ತೆಗೆದಳು. ಮತ್ತೆ ಒತ್ತಿಕೊಂಡಳು. "ದಿನಾಲೂ ಹಿಂಗೇನಾ?" ಅಂದಳು. ನಾನು ಹೂಂ ಎಂದು ತಲೆಯಾಡಿಸಿದೆ. ಅವರೆಕಾಯಿಯ ಕೈಯಲ್ಲೇ ಕಣ್ಣೊರೆಸಿಕೊಂಡು, ಹೆಡ್‌ಫೋನನ್ನು ಎರಡೂ ಕಿವಿಗೆ ಗಟ್ಟಿಯಾಗಿ ಹಿಡಿದುಕೊಂಡು, ಬಾಗಿಲ ಕಡೆ ತಿರುಗಿದಳು.

ಹೆಡ್‌ಫೋನ್ ಹಾಕಿಕೊಂಡವರಿಗೆ ತಮ್ಮ ದನಿ ಎಷ್ಟು ಜೋರಾಗಿದೆ ಎಂದು ತಿಳಿಯುವುದಿಲ್ಲ. ಒಳಗೆ ನೂರು ಜನ ನುಡಿಸುತ್ತಿರುವಾಗ ಅವರಿಗಿಂತ ಮೇಲೆ ಕೂಗಬೇಕು ಎಂದೇ ಅವಳು ಅಂದುಕೊಂಡಿರಬೇಕು.

"ರೀ! ನಮ್ಮ ಮಗೀಗೆ ಎಡಗಿವಿ ಕೇಳ್ಸಲ್ಲ ಕಣ್ರೀ! ಒಂಬತ್ ವರ್ಷದೋಳಿದ್ದಾಗಿಂದ ಕೇಳ್ಸಲ್ಲ!"

ಅಂಗಳದ ಜಗಳ ನಿಂತುಹೋಯಿತು. ಬಾಡಿಗೆ ಮನೆಗಳ ಹೆಂಗಸರು ಒಬ್ಬೊಬ್ಬರೇ ಬಾಗಿಲಿಗೆ ಬಂದರು. ಅಮ್ಮ ಇನ್ನೂ ಕೂಗುತ್ತಲೇ ಇದ್ದಳು, ನಾನು ಅವಳನ್ನು ತಡೆಯಲಿಲ್ಲ.